ಮೊಬೈಲು ಫೋನೂ ಬ್ಯಾಂಕಿನ ಲೆಕ್ಕದ ಪುಸ್ತಕವೂ

1992ನೆಯ ಇಸವಿ ಡಿಸೆಂಬರ್ 3ರಂದು ಇಂಗ್ಲೆಂಡಿನಲ್ಲಿ ನೀಲ್ ಪ್ಯಾಪ್‌ವರ್ತ್ ಎಂಬ ತರುಣ ಎಂಜಿನಿಯರನು ಗಣಕಯಂತ್ರವೊಂದರಿಂದ ಒಂದು ಮೊಬೈಲು ಫೋನಿಗೆ ಕ್ರಿಸ್‌ಮಸ್ ಶುಭಾಶಯವನ್ನು ಕಳುಹಿಸಿದನು. ಮೊಬೈಲು ಫೋನಿಗೆ ಬಂದ ಮೊತ್ತಮೊದಲ ಲಿಖಿತ ಸಂದೇಶವದು. ಆದರೆ ಭಾರತದಲ್ಲಿ ಬೀದಿಯ ತರಕಾರಿ ಅಂಗಡಿಯವನಿಗೆ ಕೈಯಲ್ಲಿರುವ ಫೋನಿನಿಂದಲೇ ಹಣ ಕೊಡುವುದು ಸಾಮಾನ್ಯರಿಗೆ ಸಾಧ್ಯವಾದುದು 2016ರ ತರುವಾಯ. ಸಂದೇಶ ಹೋಗುವುದಕ್ಕೆ ಅಡ್ಡಿಯಿಲ್ಲದಿದ್ದ ಮೇಲೆ ಹಣ ಹೋಗುವುದಕ್ಕೆ ಇಪ್ಪತ್ತನಾಲ್ಕು ವರ್ಷ ಏತಕ್ಕೆ ಹಿಡಿಯಿತು? ಬ್ಯಾಂಕುಗಳ ಆಲಸ್ಯವೇ ಕಾರಣವೆಂದು ಹೇಳಿಬಿಡುವುದು ಸುಲಭ. ಆ ಮಾತು ಪೂರ್ತಿ ಸುಳ್ಳೂ ಅಲ್ಲ. ಆದರೆ ಫೋನಿನ ಒಳಗಣ ವ್ಯವಸ್ಥೆಯನ್ನು ಕೊಂಚ ಪರಿಶೀಲಿಸಿದರೆ, ಅದಕ್ಕಿಂತ ಆಳವಾದ ಇನ್ನೊಂದು ಕಾರಣ ಗೋಚರಿಸುತ್ತದೆ.

ಮೊದಲು ‘ಹಣ ಕಳುಹಿಸುವುದು’ ಎಂದರೇನೆಂಬುದನ್ನು ಸ್ಪಷ್ಟಪಡಿಸಿಕೊಳ್ಳೋಣ. ಹಿಂದಿನ ಕಾಲದಲ್ಲಿ ಹುಬ್ಬಳ್ಳಿಯ ಹತ್ತಿಯ ವ್ಯಾಪಾರಿಯೊಬ್ಬನು ಮುಂಬಯಿಗೆ ಹಣ ಸಲ್ಲಿಸಬೇಕಾದರೆ ನಾಣ್ಯದ ಚೀಲವನ್ನು ಹೊತ್ತು ಹೋಗುತ್ತಿರಲಿಲ್ಲ. ಹುಂಡಿಯೊಂದನ್ನು ಬರೆದು ಕಳುಹಿಸುತ್ತಿದ್ದನು. ಅಲ್ಲಿಯ ಸಾಹುಕಾರನು ಅದನ್ನು ನೋಡಿ ಹಣ ಕೊಟ್ಟು, ತನ್ನ ಪುಸ್ತಕದಲ್ಲಿ ಇವನ ಹೆಸರಿಗೆ ಖರ್ಚು ಬರೆದುಕೊಳ್ಳುತ್ತಿದ್ದನು. ಪ್ರಯಾಣ ಮಾಡಿದ್ದು ಕಾಗದ ಮಾತ್ರ. ಹಣವು ಎರಡು ಲೆಕ್ಕದ ಪುಸ್ತಕಗಳಲ್ಲಿ ಎರಡು ಸಾಲುಗಳಾಗಿ ಬದಲಾಯಿತು, ಅಷ್ಟೆ. ಇಂದಿನ ಬ್ಯಾಂಕಿನಲ್ಲಿಯೂ ನಡೆಯುವುದು ಇದೇ. ಒಂದು ಖಾತೆಯಲ್ಲಿ ಖರ್ಚು, ಇನ್ನೊಂದರಲ್ಲಿ ಜಮಾ, ಇವೆರಡನ್ನೂ ಬರೆಯೆಂದು ಹೇಳುವ ಒಂದು ಅಪ್ಪಣೆ. ಆ ಅಪ್ಪಣೆಯನ್ನು ಹೊರುವ ಶಕ್ತಿ ಫೋನಿಗೆ ಉಂಟೆ ಎಂಬುದೇ ಪ್ರಶ್ನೆಯಾಗಿದ್ದರೆ ಉತ್ತರ ಎಂದೋ ಸಿಕ್ಕುತ್ತಿತ್ತು.

ಲಿಖಿತ ಸಂದೇಶವು ನಮ್ಮ ಮಾತು ಸಾಗುವ ಹಾದಿಯಲ್ಲಿ ಹೋಗುವುದಿಲ್ಲ. ಫೋನೂ ಗೋಪುರವೂ ತಮ್ಮತಮ್ಮೊಳಗೆ ನಡೆಸುವ ನಿಯಂತ್ರಣ ಸಂಕೇತಗಳಿಗಾಗಿ ಕಿರಿದಾದ ಒಂದು ಹಾದಿಯಿದೆ. ಸಂದೇಶವು ಅದರಲ್ಲಿಯೇ ನುಸುಳಿಕೊಂಡು ಹೋಗುತ್ತದೆ. ಆದಕಾರಣ ಅದರ ಗಾತ್ರಕ್ಕೆ ಮಿತಿಯುಂಟು: 1,120 ಬಿಟ್‌ಗಳು, ಎಂದರೆ ಸೊನ್ನೆ ಅಥವಾ ಒಂದು ಎಂಬ 1,120 ಅಂಕಿಗಳು. ಇಂಗ್ಲಿಷಿನ ಒಂದೊಂದು ಅಕ್ಷರಕ್ಕೂ 7 ಬಿಟ್ ಸಾಕಾದುದರಿಂದ 160 ಅಕ್ಷರಗಳು ಹಿಡಿಸುತ್ತವೆ. ಕನ್ನಡಕ್ಕೆ ಸಾಮಾನ್ಯ ಪದ್ಧತಿಯಲ್ಲಿ ಒಂದೊಂದು ಚಿಹ್ನೆಗೂ 16 ಬಿಟ್ ಬೇಕು. ಹೀಗಾಗಿ 70 ಚಿಹ್ನೆಗಳಿಗೇ ಮುಗಿಯಿತು. ಅದರಲ್ಲಿಯೂ ಒತ್ತು, ಗುಣಿತ ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. ನಮ್ಮ ಕಣ್ಣಿಗೆ ಎರಡೇ ಅಕ್ಷರವಾಗಿ ಕಾಣುವ ‘ಲಕ್ಷ್ಮಿ’ ಅಲ್ಲಿ ಏಳು ಸ್ಥಾನಗಳನ್ನು ಆಕ್ರಮಿಸುತ್ತಾಳೆ! ಅದಿರಲಿ. ಹಣ ಪಡೆಯುವವನ ಫೋನ್ ಸಂಖ್ಯೆಗೆ ಹತ್ತು ಅಂಕಿ, ಮೊತ್ತಕ್ಕೆ ಆರು, ಗುಪ್ತಸಂಖ್ಯೆಗೆ ನಾಲ್ಕು, ಒಟ್ಟು ಇಪ್ಪತ್ತು ಅಂಕಿಗಳಿದ್ದರೆ ಪಾವತಿಯ ಅಪ್ಪಣೆ ಪೂರ್ಣವಾಯಿತು. ಇದು 140 ಬಿಟ್, ಸಂದೇಶದ ಎಂಟನೆಯ ಒಂದು ಪಾಲು. ಅಲೆಗಳಿಗೆ ಈ ಹೊರೆ ಲೆಕ್ಕಕ್ಕೇ ಇಲ್ಲ.

ನಿಜವಾದ ತೊಡಕು ಬೇರೆ. ಅಪ್ಪಣೆ ಕೊಟ್ಟವನು ಖಾತೆದಾರನೇ ಎಂದು ಬ್ಯಾಂಕು ತಿಳಿಯುವುದು ಹೇಗೆ? ಚೆಕ್ಕಿನ ಮೇಲೆ ರುಜುವಿರುತ್ತದೆ. ಫೋನಿನ ಮೇಲೆ ರುಜು ಎಲ್ಲಿ?

ರುಜು ಇದೆ, ಸಿಮ್ ಕಾರ್ಡಿನೊಳಗೆ. ಪ್ರತಿಯೊಂದು ಸಿಮ್ಮಿನಲ್ಲಿಯೂ 128 ಬಿಟ್‌ಗಳ ಒಂದು ರಹಸ್ಯ ಸಂಖ್ಯೆಯನ್ನು ಹುದುಗಿಸಿರುತ್ತಾರೆ. ಅದರ ಪ್ರತಿಯಿರುವುದು ಫೋನ್ ಕಂಪನಿಯಲ್ಲಿ ಮಾತ್ರ. ಫೋನು ಜಾಲವನ್ನು ಸೇರಬಯಸಿದಾಗ ಕಂಪನಿಯ ಯಂತ್ರವು ಮನಬಂದ ಒಂದು ದೊಡ್ಡ ಸಂಖ್ಯೆಯನ್ನು ಕಳುಹಿಸುತ್ತದೆ. ಸಿಮ್ಮು ಅದನ್ನು ತನ್ನ ರಹಸ್ಯದೊಡನೆ ನಿಗದಿಯಾದ ಕ್ರಮದಲ್ಲಿ ಬೆರೆಸಿ ಉತ್ತರವೊಂದನ್ನು ಹಿಂದಿರುಗಿಸುತ್ತದೆ. ಕಂಪನಿಯೂ ಅದೇ ಲೆಕ್ಕವನ್ನು ಮಾಡಿ ನೋಡುತ್ತದೆ. ಎರಡೂ ತಾಳೆಯಾದರೆ ಸಿಮ್ಮು ನಿಜವಾದುದು. ಈ ವಿಧಾನದ ಸೊಗಸೆಂದರೆ ರಹಸ್ಯ ಸಂಖ್ಯೆಯು ಒಮ್ಮೆಯೂ ಗಾಳಿಗೆ ಬರುವುದಿಲ್ಲ. ಕದ್ದು ಕೇಳಿದವನಿಗೆ ಪ್ರಶ್ನೆ ಸಿಕ್ಕುತ್ತದೆ, ಉತ್ತರ ಸಿಕ್ಕುತ್ತದೆ, ಗುಟ್ಟು ಸಿಕ್ಕುವುದಿಲ್ಲ.

ಇಲ್ಲಿಯೇ ಬ್ಯಾಂಕಿನ ಸಂಕಟವಿರುವುದು. ಲೆಕ್ಕದ ಪುಸ್ತಕ ಬ್ಯಾಂಕಿನದು. ಗುರುತಿನ ಬೀಗದ ಕೈ ಫೋನ್ ಕಂಪನಿಯದು. ಮೇಲಾಗಿ, ಎರಡನೆಯ ತಲೆಮಾರಿನ ಫೋನುಗಳಲ್ಲಿ ಸಂದೇಶವನ್ನು ಗೂಢಲಿಪಿಗೆ ತಿರುಗಿಸುವುದು ಫೋನಿನಿಂದ ಗೋಪುರದವರೆಗೆ ಮಾತ್ರ. ಅಲ್ಲಿಂದಾಚೆ ಕಂಪನಿಯ ಯಂತ್ರಗಳೊಳಗೆ ಅದು ತೆರೆದ ಅಂಚೆಕಾರ್ಡಿನಂತೆ ಸಾಗುತ್ತದೆ. ಖಾತೆದಾರನ ಗುಪ್ತಸಂಖ್ಯೆಯನ್ನು ಹೀಗೆ ಸಾಗಿಸಲು ಯಾವ ಬ್ಯಾಂಕು ಒಪ್ಪೀತು?

ಈ ತೊಡಕನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ಬಿಡಿಸಿದ ದೇಶ ಪೂರ್ವ ಆಫ್ರಿಕದ ಕೆನ್ಯ. ಅಲ್ಲಿಯ ಸಫಾರಿಕಾಮ್ ಎಂಬ ಫೋನ್ ಕಂಪನಿಯು 2007ರ ಮಾರ್ಚಿಯಲ್ಲಿ ‘ಎಂ-ಪೆಸಾ’ ಎಂಬ ಸೇವೆಯನ್ನು ಆರಂಭಿಸಿತು. ಪೆಸಾ ಎಂದರೆ ಸ್ವಾಹಿಲಿ ಭಾಷೆಯಲ್ಲಿ ಹಣ. ನಮ್ಮ ‘ಪೈಸೆ’ಯ ನೆಂಟನಿರಬೇಕೆಂದು ಯಾರಿಗಾದರೂ ತೋರುತ್ತದೆ. 2005ರಲ್ಲಿ ಇದರ ಪ್ರಯೋಗ ನಡೆದುದು ಕಿರುಸಾಲಗಳ ಕಂತು ಕಟ್ಟಿಸಿಕೊಳ್ಳುವುದಕ್ಕಾಗಿ. ಆದರೆ ಜನರು ಕಂತು ಕಟ್ಟುವುದಕ್ಕಿಂತಲೂ ಒಬ್ಬರಿಗೊಬ್ಬರು ಹಣ ಕಳುಹಿಸುವುದಕ್ಕೆ ಅದನ್ನು ಉಪಯೋಗಿಸತೊಡಗಿದರು. ಸಿಮ್ಮು ಕಂಪನಿಯದೇ ಆದುದರಿಂದ, ಹಣದ ಅಪ್ಪಣೆಯನ್ನು ಗೂಢಲಿಪಿಗೆ ತಿರುಗಿಸುವ ಕೈಚಳಕವನ್ನೂ ಆ ಸಿಮ್ಮಿನೊಳಗೇ ಇಟ್ಟರು. ಪಟ್ಟಣದಲ್ಲಿ ಕೂಲಿ ಮಾಡುವವನು ಬೀದಿಯ ಅಂಗಡಿಯಲ್ಲಿ ನಗದು ಕೊಟ್ಟು ತನ್ನ ಫೋನಿಗೆ ಜಮಾ ಮಾಡಿಸುವನು. ಊರಿನಲ್ಲಿರುವ ತಾಯಿ ಅಲ್ಲಿಯ ಅಂಗಡಿಯಲ್ಲಿ ನಗದು ಪಡೆಯುವಳು. ಲೆಕ್ಕದ ಪುಸ್ತಕವನ್ನು ಬರೆಯುತ್ತಿದ್ದುದು ಫೋನ್ ಕಂಪನಿ. ಒಟ್ಟು ಹಣವನ್ನು ಕಾದಿಡುವುದಷ್ಟೇ ಬ್ಯಾಂಕಿನ ಪಾಲಿಗೆ ಬಂದ ಕೆಲಸ.

ಬ್ಯಾಂಕುಗಳಿಗೆ ಇದು ಸಹನೆಯಾಗಲಿಲ್ಲ. 2008ರ ಕೊನೆಯಲ್ಲಿ ಅಲ್ಲಿಯ ಸರ್ಕಾರ ಎಂ-ಪೆಸಾದ ಲೆಕ್ಕಪತ್ರಗಳ ಪರಿಶೀಲನೆಗೆ ಅಪ್ಪಣೆ ಮಾಡಿತು; ವ್ಯವಸ್ಥೆ ಭದ್ರವಾಗಿಯೇ ಇದೆಯೆಂದು ಕಂಡುಬಂದಿತು. ಕೆನ್ಯದ ಬ್ಯಾಂಕುಗಳು ಒಟ್ಟುಗೂಡಿ ‘ಪೆಸಾಲಿಂಕ್’ ಎಂಬ ತಮ್ಮದೇ ವರ್ಗಾವಣೆ ಸೇವೆಯನ್ನು ಹೊರತಂದದ್ದು 2017ರಲ್ಲಿ, ಸರಿಯಾಗಿ ಹತ್ತು ವರ್ಷ ತಡವಾಗಿ.

ಭಾರತವು ಇದಕ್ಕೆ ವಿರುದ್ಧವಾದ ಹಾದಿ ಹಿಡಿಯಿತು. 2008ರ ಅಕ್ಟೋಬರಿನಲ್ಲಿ ರಿಸರ್ವ್ ಬ್ಯಾಂಕು ಪ್ರಕಟಿಸಿದ ನಿಯಮಗಳಂತೆ ಮೊಬೈಲಿನಿಂದ ಖಾತೆಯ ವ್ಯವಹಾರ ನಡೆಸುವ ಅಧಿಕಾರ ಬ್ಯಾಂಕುಗಳಿಗೆ ಮಾತ್ರ. ದಿನಕ್ಕೆ ಒಬ್ಬ ಗಿರಾಕಿಯು ವರ್ಗಾಯಿಸಬಹುದಾದ ಹಣ 5,000 ರೂಪಾಯಿ. ಸಾಮಾನು ಕೊಳ್ಳಲು 10,000. ಫೋನಿನಿಂದ ಬ್ಯಾಂಕಿನವರೆಗೆ ಉದ್ದಕ್ಕೂ ಗೂಢಲಿಪಿ ಇರಬೇಕು. ಜನರ ಠೇವಣಿಗೆ ಧಕ್ಕೆ ಬರಬಾರದೆಂಬ ಎಚ್ಚರಿಕೆಯನ್ನು ತಪ್ಪೆನ್ನಲಾಗದು. ಆದರೆ ಅದರ ಪರಿಣಾಮವನ್ನು ನೋಡಿರಿ. ಸಿಮ್ಮು ಬ್ಯಾಂಕಿನ ಕೈಯಲ್ಲಿಲ್ಲ. ಗೂಢಲಿಪಿಯ ಕೆಲಸವನ್ನು ಫೋನೇ ಮಾಡಬೇಕು. ಅಂದಿನ ಬಹುಪಾಲು ಅಗ್ಗದ ಫೋನುಗಳಿಗೆ ಆ ಸಾಮರ್ಥ್ಯವಿರಲಿಲ್ಲ. 2009ರ ಡಿಸೆಂಬರಿನಲ್ಲಿ 1,000 ರೂಪಾಯಿವರೆಗಿನ ವ್ಯವಹಾರಕ್ಕೆ ಈ ನಿರ್ಬಂಧವನ್ನು ಸಡಿಲಿಸಿದರು. 2011ರಲ್ಲಿ ಅದು 5,000ಕ್ಕೆ ಏರಿತು.

ಬ್ಯಾಂಕುಗಳ ನಡುವಣ ಸೇತುವೆಯೂ ಆಗ ಸಿದ್ಧವಾಯಿತು. 21 ಬ್ಯಾಂಕುಗಳು ಪರಸ್ಪರ ನೇರ ಸಂಪರ್ಕವಿಟ್ಟುಕೊಳ್ಳಬೇಕಾದರೆ 210 ಹಾದಿಗಳು ಬೇಕು. ನಡುವೆ ಒಂದು ಕೂಡುದಾಣವಿದ್ದರೆ 21 ಸಾಕು. ರಾಷ್ಟ್ರೀಯ ಪಾವತಿ ನಿಗಮವು 2010ರ ನವೆಂಬರಿನಲ್ಲಿ ಆರಂಭಿಸಿದ ಐಎಂಪಿಎಸ್ ಸೇವೆ ಅಂತಹ ಕೂಡುದಾಣ. ಹಗಲು ರಾತ್ರಿಯೆನ್ನದೆ ಕ್ಷಣಮಾತ್ರದಲ್ಲಿ ಹಣ ವರ್ಗಾಯಿಸಬಲ್ಲದು. ಆದರೆ ಫೋನಿನಿಂದ ಫೋನಿಗೆ ಹಣ ಹೋಗಬೇಕಾದರೆ ಪಡೆಯುವವನ ಬಳಿಯೂ ಬ್ಯಾಂಕು ಕೊಟ್ಟ ಏಳು ಅಂಕಿಯ ಬೇರೊಂದು ಸಂಖ್ಯೆ ಆಗ ಇರಬೇಕಾಗಿತ್ತು. ತನ್ನ ಫೋನ್ ಸಂಖ್ಯೆಯ ಜೊತೆಗೆ ಇನ್ನೊಂದು ಸಂಖ್ಯೆಯನ್ನು ನೆನಪಿಟ್ಟು ಹೇಳಬಲ್ಲ ತರಕಾರಿಯವಳೆಷ್ಟು ಮಂದಿ!

ಇನ್ನು ಆಲಸ್ಯದ ಮಾತು. 50 ರೂಪಾಯಿಯ ವ್ಯವಹಾರವನ್ನು ಬರೆಯುವುದಕ್ಕೂ 50,000ದ್ದನ್ನು ಬರೆಯುವುದಕ್ಕೂ ಯಂತ್ರಕ್ಕೆ ತಗಲುವ ಶ್ರಮ ಒಂದೇ. ಲಾಭ ಮಾತ್ರ ಒಂದೇ ಅಲ್ಲ. ಸಣ್ಣ ಹಣದ ಜನರನ್ನು ಬ್ಯಾಂಕುಗಳು ಹುಡುಕಿಕೊಂಡು ಹೋಗದಿದ್ದುದಕ್ಕೆ ಇದೂ ಕಾರಣ. ಹಾಗೆ ಹುಡುಕಿಕೊಂಡು ಹೋದ ನಿದರ್ಶನ ನಮ್ಮಲ್ಲಿಯೇ ಇದ್ದಿತು. ಉಡುಪಿಯಲ್ಲಿ 1925ರಲ್ಲಿ ಸ್ಥಾಪಿತವಾಗಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ, ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಿಗೆ ಹೋಗಿ ಪಡೆಯುತ್ತಿತ್ತು. ಕೆನ್ಯದ ಅಂಗಡಿಯವರು ಮಾಡಿದ ಕೆಲಸ ಆ ಪಿಗ್ಮಿ ಏಜೆಂಟರ ಕೆಲಸಕ್ಕೆ ಬಹು ದೂರವಾದುದಲ್ಲ. ತಡವಾದ ವರ್ಷಗಳ ಬೆಲೆಯನ್ನು ತೆತ್ತವರು ದುಡಿಯಲು ಊರು ಬಿಟ್ಟವರು. ಅಂಚೆಯ ಮನಿ ಆರ್ಡರಿಗೆ ಪ್ರತಿ 20 ರೂಪಾಯಿಗೆ 1 ರೂಪಾಯಿ ಶುಲ್ಕವಿತ್ತು. ಬೆಂಗಳೂರಿನಿಂದ ರಾಯಚೂರಿಗೆ 2,000 ರೂಪಾಯಿ ಕಳುಹಿಸಿದವನ 100 ರೂಪಾಯಿ ದಾರಿಯಲ್ಲಿಯೇ ಕರಗುತ್ತಿತ್ತು.

ಅಗ್ಗದ ಫೋನುಗಳಿಗಾಗಿ ನಕ್ಷತ್ರಚಿಹ್ನೆಯ ಮುಂದೆ 99 ಒತ್ತಿ ನಡೆಸುವ ಸೇವೆಯೊಂದು ಬಂದಿತು; 2014ರ ಆಗಸ್ಟಿನಲ್ಲಿ ಪ್ರಧಾನಮಂತ್ರಿಗಳು ಅದನ್ನು ದೇಶಕ್ಕೆ ಸಮರ್ಪಿಸಿದರು. ಇದರಲ್ಲಿ ಫೋನೂ ಯಂತ್ರವೂ ಸಂಪರ್ಕ ಕಡಿಯದೆ ಪ್ರಶ್ನೋತ್ತರ ನಡೆಸುತ್ತವೆ. ನಡುವೆ ಸಂಪರ್ಕ ತಪ್ಪಿದರೆ ಮೊದಲಿನಿಂದ ಆರಂಭಿಸಬೇಕು. ಒಂದು ಬಾರಿಗೆ 1.50 ರೂಪಾಯಿವರೆಗೆ ಶುಲ್ಕ ವಿಧಿಸಲು ಕಂಪನಿಗಳಿಗೆ ಅವಕಾಶವಿತ್ತು. 2016ರ ನವೆಂಬರಿನಲ್ಲಿ ಅದು 50 ಪೈಸೆಗೆ ಇಳಿಯಿತು. ಅಷ್ಟರಲ್ಲಿ ಇನ್ನೊಂದು ಹಾದಿ ತೆರೆದಿತ್ತು.

ಅದೇ 2016ರ ಏಪ್ರಿಲ್ 11ರಂದು ರಘುರಾಮ್ ರಾಜನ್ ಅವರು ಮುಂಬಯಿಯಲ್ಲಿ ಉದ್ಘಾಟಿಸಿದ ಯುಪಿಐ. ಇದರ ಯುಕ್ತಿ ಬೀಗದ ಕೈಯನ್ನು ಕಂಪನಿಯಿಂದ ಕಿತ್ತುಕೊಳ್ಳದೆಯೇ ಅದರ ಸಾಕ್ಷ್ಯವನ್ನು ಪಡೆಯುವುದರಲ್ಲಿದೆ. ಪಾವತಿಯ ಆ್ಯಪನ್ನು ಮೊದಲ ಬಾರಿ ತೆರೆದಾಗ ನಿಮ್ಮ ಫೋನಿನಿಂದ ತಾನಾಗಿ ಒಂದು ಸಂದೇಶ ಹೊರಟುಹೋಗುವುದನ್ನು ನೀವು ಗಮನಿಸಿರಬಹುದು. ಆ ಸಂದೇಶವು ಇಂತಹ ಸಂಖ್ಯೆಯಿಂದಲೇ ಬಂದಿತೆಂಬುದಕ್ಕೆ ಸಿಮ್ಮಿನ ರಹಸ್ಯವೇ ಜಾಮೀನು. ಬ್ಯಾಂಕು ಆ ಸಂಖ್ಯೆಯನ್ನು ತನ್ನ ಪುಸ್ತಕದಲ್ಲಿ ಹುಡುಕಿ, ಈ ಫೋನು ಈ ಖಾತೆದಾರನದೆಂದು ಗಂಟು ಹಾಕುತ್ತದೆ. ಎರಡನೆಯ ಸಾಕ್ಷಿ ಗುಪ್ತಸಂಖ್ಯೆ. ಅದನ್ನು ಮುಚ್ಚುವ ಬೀಗ ವಿಚಿತ್ರವಾದುದು: ಹಾಕುವುದು ಯಾರಿಗಾದರೂ ಸಾಧ್ಯ, ತೆಗೆಯುವ ಕೈ ಒಂದು ಕಡೆ ಮಾತ್ರ. ಎರಡು ಭಾರಿ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸುವುದು ಸುಲಭ, ಗುಣಲಬ್ಧದಿಂದ ಅವೆರಡನ್ನು ಹೆಕ್ಕುವುದು ಅತಿ ಕಠಿಣ ಎಂಬುದೇ ಇದರ ಆಧಾರ. ತತ್ತ್ವವು 1970ರ ದಶಕದಿಂದಲೂ ತಿಳಿದಿತ್ತು. ಅಂತಹ ಲೆಕ್ಕವನ್ನು ಥಟ್ಟನೆ ಮಾಡಬಲ್ಲ ಫೋನು ಜನರ ಕೈಗೆ ಬರಬೇಕಾಗಿತ್ತು.

ಆಗಲೂ ಬ್ಯಾಂಕುಗಳು ಒಂದೇ ಹೆಜ್ಜೆಯಲ್ಲಿ ನಡೆಯಲಿಲ್ಲ. 2016ರ ಆಗಸ್ಟಿನ ಮೊದಲ 21 ಬ್ಯಾಂಕುಗಳ ಪಟ್ಟಿಯಲ್ಲಿ ಕೆನರಾ, ಕರ್ನಾಟಕ, ವಿಜಯಾ ಬ್ಯಾಂಕುಗಳಿದ್ದವು; ದೇಶದ ಅತಿ ದೊಡ್ಡದಾದ ಸ್ಟೇಟ್ ಬ್ಯಾಂಕು ಇರಲಿಲ್ಲ. 2017ರ ಜನವರಿಯಲ್ಲಿ ಐಸಿಐಸಿಐ ಬ್ಯಾಂಕು ಬೆಂಗಳೂರಿನ ಫೋನ್‌ಪೇ ಕಂಪನಿಯ ಆ್ಯಪಿನಿಂದ ಬರುವ ಪಾವತಿಗಳನ್ನು ಕೆಲ ಕಾಲ ತಡೆಹಿಡಿಯಿತು. ಗಿರಾಕಿಯು ಅನ್ಯರ ಬಾಗಿಲಿನಿಂದ ತನ್ನ ಖಾತೆಗೆ ಬರುವುದು ಯಾವ ಬ್ಯಾಂಕಿಗೂ ರುಚಿಸುವ ಸಂಗತಿಯಲ್ಲ. ಆದರೆ ನಡೆದುದು ಅದೇ. 2025ರ ಆಗಸ್ಟ್ ತಿಂಗಳೊಂದರಲ್ಲಿ ಯುಪಿಐ ಮೂಲಕ ನಡೆದ ಪಾವತಿಗಳು 2,000 ಕೋಟಿಯನ್ನು ಮುಟ್ಟಿದವು. ಅವುಗಳಲ್ಲಿ ಬಹುಪಾಲು ಫೋನ್‌ಪೇ ಮತ್ತು ಗೂಗಲ್ ಪೇಗಳ ಬಾಗಿಲಿನಿಂದ ಬಂದವು. ಲೆಕ್ಕ ಬರೆಯುವ ಶ್ರಮ ಬ್ಯಾಂಕಿನದು, ಗಿರಾಕಿಯ ಮುಖಪರಿಚಯ ಬೇರೆಯವರದು. ಖಾತೆಯಿಂದ ನಡೆಯುವ ಇಂತಹ ಪಾವತಿಗೆ ವರ್ತಕರಿಂದ ಶುಲ್ಕ ಪಡೆಯಬಾರದೆಂದು 2020ರ ಜನವರಿಯಲ್ಲಿ ಕಟ್ಟಳೆಯೂ ಆಯಿತು.

ಉಳಿದುದು ನಷ್ಟದ ಪ್ರಶ್ನೆ. ಬ್ಯಾಂಕಿನ ತಪ್ಪಿಲ್ಲದೆ, ಗಿರಾಕಿಯ ತಪ್ಪೂ ಇಲ್ಲದೆ ಹಣ ಹೋದಲ್ಲಿ, ಮೂರು ಕೆಲಸದ ದಿನಗಳೊಳಗೆ ತಿಳಿಸಿದ ಗಿರಾಕಿಗೆ ಹೊಣೆಯಿಲ್ಲವೆಂದು ರಿಸರ್ವ್ ಬ್ಯಾಂಕು 2017ರ ಜುಲೈನಲ್ಲಿ ವಿಧಿಸಿತು. ಗಿರಾಕಿಯೇ ಗುಟ್ಟು ಬಿಟ್ಟುಕೊಟ್ಟಿದ್ದರೆ, ತಿಳಿಸುವವರೆಗಿನ ನಷ್ಟ ಅವನದೇ. ಆದರೆ ಮೋಸಗಾರನು ಫೋನಿನಲ್ಲಿ ಬೆದರಿಸಿಯೋ ಮರುಳುಮಾಡಿಯೋ ಖಾತೆದಾರನ ಕೈಯಿಂದಲೇ ಗುಪ್ತಸಂಖ್ಯೆಯನ್ನು ಒತ್ತಿಸಿದರೆ? ಸಿಮ್ಮು ಸರಿಯಾದುದು, ಸಂಖ್ಯೆ ಸರಿಯಾದುದು. ಲೆಕ್ಕದ ಪುಸ್ತಕಕ್ಕೆ ಅದು ನಿಜವಾದ ಅಪ್ಪಣೆಯೇ. ಹಿಂದೆ ಬ್ಯಾಂಕುಗಳನ್ನು ಹಿಂಜರಿಯುವಂತೆ ಮಾಡಿದ ಭಯ ಈಗ ಇಂತಹ ಖಾತೆದಾರನ ಹೆಗಲಿಗೆ ಬಂದಿದೆ. ಆದುದರಿಂದ ವಾಚಕರು ಎರಡು ಸಂಗತಿಗಳನ್ನು ಗಮನದಲ್ಲಿಡಬೇಕು. ಅಪ್ಪಣೆ ಬೇಕಾಗುವುದು ಖರ್ಚು ಬರೆಯುವುದಕ್ಕೆ. ಜಮಾ ಬರೆಯುವುದಕ್ಕೆ ಬೇಡ. ಹಣ ಬರುತ್ತದೆ, ಗುಪ್ತಸಂಖ್ಯೆ ಒತ್ತಿರಿ ಎಂದು ಯಾರಾದರೂ ಹೇಳಿದರೆ ಹಣ ಹೋಗುತ್ತದೆಂದೇ ಅರ್ಥ. ಎರಡನೆಯದಾಗಿ, ಗೋಪುರ ಹತ್ತಿರವಿದ್ದೂ ನಿಮ್ಮ ಫೋನು ಇದ್ದಕ್ಕಿದ್ದಂತೆ ಜಾಲವನ್ನು ಕಳೆದುಕೊಂಡು ಬಹಳ ಹೊತ್ತು ಹಾಗೆಯೇ ಇದ್ದರೆ, ನಿಮ್ಮ ಹೆಸರಿನಲ್ಲಿ ಇನ್ನಾರೋ ಹೊಸ ಸಿಮ್ಮನ್ನು ಪಡೆದಿರಬಹುದು. ಬೇರೊಂದು ಫೋನಿನಿಂದ ಫೋನ್ ಕಂಪನಿಗೂ ಬ್ಯಾಂಕಿಗೂ ಕೂಡಲೇ ತಿಳಿಸಿರಿ; ಹಣ ಹೋಗಿದ್ದರೆ 1930ಕ್ಕೆ ಕರೆಮಾಡಿ ದೂರು ಕೊಡಿರಿ.