ಮೂಳೆಯ ಹಾರ್ಮೋನ್, ಫ್ಯಾಟಿ ಲಿವರ್ ಮತ್ತು ಒಂದು ವಿಟಮಿನ್ ಡಬ್ಬಿ



ಕಳೆದ ತಿಂಗಳು ಡೊಂಬಿವಲಿಯಿಂದ ಒಬ್ಬ ತಾಯಿ ತಪಾಸಣೆಗೆ ಬಂದಿದ್ದರು. ಧಾರವಾಡ ಕಡೆಯವರು, ಈಗ ಮಗನ ಮನೆಯಲ್ಲಿದ್ದಾರೆ. ಹೃದಯಕ್ಕೆ ಲೋಹದ ವಾಲ್ವ್ ಹಾಕಿ ಹತ್ತು ವರ್ಷ. ಅಂದಿನಿಂದ ರಕ್ತ ತೆಳು ಮಾಡುವ ಅಸೆನೊಕೌಮರಾಲ್ ಮಾತ್ರೆ ನಡೆದಿದೆ. ಸದಾ 3ರ ಆಸುಪಾಸು ಇರುತ್ತಿದ್ದ ಐಎನ್‌ಆರ್ ಅಂದು 1.6ಕ್ಕೆ ಇಳಿದಿತ್ತು. "ಒಂದು ದಿನಾನೂ ಗುಳಿಗಿ ತಪ್ಪಿಸಿಲ್ಲರೀ" ಅಂದರು. ಚೀಲದಲ್ಲಿದ್ದ ಔಷಧಿಯನ್ನೆಲ್ಲ ಮೇಜಿನ ಮೇಲೆ ಇಡಿಸಿದಾಗ ಕ್ಯಾಲ್ಸಿಯಂ, ಡಿ3 ಮತ್ತು ಕೆ2 ಸೇರಿದ ಹೊಸ ಡಬ್ಬಿಯೊಂದು ಕಂಡಿತು. ಸೋನೋಗ್ರಫಿಯಲ್ಲಿ ಫ್ಯಾಟಿ ಲಿವರ್ ಎಂದು ಬಂದಿತ್ತಂತೆ. ಮೂಳೆಯ ಹಾರ್ಮೋನ್ ಹೆಚ್ಚಾದರೆ ಲಿವರ್ ಕೊಬ್ಬು ಕರಗುತ್ತದೆ ಎಂಬ ಮೆಸೇಜ್ ಓದಿ ಮಗ ಆನ್‌ಲೈನ್‌ನಲ್ಲಿ ತರಿಸಿದ್ದ.

ಆ ಮೆಸೇಜ್ ಪೂರ್ತಿ ಸುಳ್ಳಲ್ಲ. ತೊಂದರೆ ಇರುವುದೇ ಅಲ್ಲಿ.

ಮೂಳೆ ಕಟ್ಟುವ ಜೀವಕೋಶಗಳು ಆಸ್ಟಿಯೋಕ್ಯಾಲ್ಸಿನ್ ಎಂಬ ಪ್ರೋಟೀನ್ ತಯಾರಿಸುತ್ತವೆ. ಅದಿಲ್ಲದ ಇಲಿಗಳಿಗೆ ಬೊಜ್ಜು ಬಂತು, ಸಕ್ಕರೆ ಏರಿತು ಎಂದು 2007ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ತೋರಿಸಿದರು. ಫ್ಯಾಟಿ ಲಿವರ್ ಇರುವವರ ರಕ್ತದಲ್ಲಿ ಇದು ಕಡಿಮೆ ಇರುವುದೂ ಹಲವು ಅಧ್ಯಯನಗಳಲ್ಲಿ ಕಂಡಿದೆ. ಆದರೆ ಕಡಿಮೆ ಇದ್ದದ್ದರಿಂದ ಲಿವರ್ ಕೆಟ್ಟಿತು ಎಂದು ಇದರಿಂದ ಹೇಳಲಾಗದು. 2020ರಲ್ಲಿ ಬೇರೆ ಎರಡು ತಂಡಗಳು ಇಂಥದೇ ಇಲಿಗಳನ್ನು ಬೆಳೆಸಿದಾಗ ಅವುಗಳ ಸಕ್ಕರೆ ಸರಿಯಾಗಿಯೇ ಇತ್ತು. ಅಂದರೆ ಇಲಿಗಳಲ್ಲೇ ಇನ್ನೂ ವಾದ ಮುಗಿದಿಲ್ಲ.

ಇನ್ನೊಂದು ತಮಾಷೆ ನೋಡಿ. ವಿಟಮಿನ್ ಕೆ ಈ ಪ್ರೋಟೀನನ್ನು ಮೂಳೆಯ ಕ್ಯಾಲ್ಸಿಯಂಗೆ ಅಂಟುವಂತೆ ಮಾಡುತ್ತದೆ. ಹಾರ್ಮೋನಿನಂತೆ ಕೆಲಸ ಮಾಡುತ್ತದೆ ಎಂದು ಹೇಳಿದ್ದು ಹಾಗೆ ಅಂಟದ ರೂಪವನ್ನು! ಕೆ2 ನುಂಗಿದರೆ ಹಾರ್ಮೋನ್ ಹೆಚ್ಚುತ್ತದೆ ಎಂಬ ಲೆಕ್ಕವೇ ತಲೆಕೆಳಗು.

ಅಸೆನೊಕೌಮರಾಲ್, ವಾರ್ಫರಿನ್ ಕೆಲಸ ಮಾಡುವುದೇ ವಿಟಮಿನ್ ಕೆಯನ್ನು ತಡೆದು. ಮೇಲಿಂದ ಕೆ2 ಹಾಕಿದರೆ ಮಾತ್ರೆಯ ಬಲ ಕುಗ್ಗುತ್ತದೆ, ವಾಲ್ವ್ ಮೇಲೆ ರಕ್ತ ಹೆಪ್ಪುಗಟ್ಟಬಹುದು, ಆ ಹೆಪ್ಪು ಮೆದುಳಿಗೆ ಹೋದರೆ ಪಾರ್ಶ್ವವಾಯು. ಈ ತಾಯಿಗೆ ಹಾಗಾಗಲಿಲ್ಲ. ಡಬ್ಬಿ ನಿಲ್ಲಿಸಿ, ಪದೇಪದೇ ಐಎನ್‌ಆರ್ ನೋಡುತ್ತ ಸರಿದಾರಿಗೆ ತಂದೆವು. ನಿಮ್ಮ ಮನೆಯಲ್ಲೂ ಇಂಥ ಡಬ್ಬಿ ಇದ್ದರೆ ನೀವೇ ನಿಲ್ಲಿಸಿ ಸುಮ್ಮನಾಗಬೇಡಿ, ನಿಲ್ಲಿಸಿದ ಮೇಲೆ ಐಎನ್‌ಆರ್ ಅತಿಯಾಗಿ ಏರಲೂಬಹುದು. ಇವತ್ತೇ ಡಾಕ್ಟರಿಗೆ ಫೋನ್ ಮಾಡಿ. ಮೆಂತ್ಯ, ಪಾಲಕ್ ಸೊಪ್ಪು ಬಿಡಬೇಕಿಲ್ಲ, ವಾರವಾರ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತಿಂದರೆ ಸಾಕು.

ಹಾಗಾದರೆ ಲಿವರಿಗೆ ಏನು? ತೂಕ. 70 ಕಿಲೋ ಇರುವವರು ಮೂರೂವರೆ ಕಿಲೋ ಇಳಿಸಿದರೂ ಲಿವರ್ ಕೊಬ್ಬು ಕಡಿಮೆಯಾಗುತ್ತದೆ. ಉರಿಯೂತವೂ ತಗ್ಗಬೇಕಾದರೆ ಐದರಿಂದ ಏಳು ಕಿಲೋ. ಲೋಕಲ್ ಟ್ರೇನ್ ಇಳಿದು ರಾತ್ರಿ ಹತ್ತಕ್ಕೆ ಊಟ ಮಾಡುವವರಿಗೆ ಇದು ಸುಲಭವಲ್ಲ ಎಂದು ಗೊತ್ತು, ನನ್ನದೂ ಅದೇ ಕಥೆ. ಫ್ಯಾಟಿ ಲಿವರ್ ಇರುವವರಲ್ಲಿ ಹೆಚ್ಚು ಜನ ಸಾಯುವುದು ಲಿವರಿನಿಂದಲ್ಲ, ಹೃದಯದಿಂದ. ಅದಕ್ಕೇ ಬಿಪಿ, ಎಚ್‌ಬಿಎ1ಸಿ, ಕೊಲೆಸ್ಟರಾಲ್ ನೋಡಿಸಿ. ವಯಸ್ಸು, ಎಎಸ್‌ಟಿ, ಎಎಲ್‌ಟಿ, ಪ್ಲೇಟ್‌ಲೆಟ್ ನಾಲ್ಕರಿಂದ ಲೆಕ್ಕ ಹಾಕುವ ಫಿಬ್-4 ಎಷ್ಟು ಎಂದು ಡಾಕ್ಟರನ್ನು ಕೇಳಿ. ಹೋಗುವಾಗ ಮನೆಯಲ್ಲಿರುವ ಎಲ್ಲ ಡಬ್ಬಿಗಳನ್ನೂ ಒಯ್ಯಿರಿ, "ಅದು ಬರೀ ವಿಟಮಿನ್" ಎನ್ನುವುದನ್ನೂ ಸೇರಿಸಿ.