ಕಂಡದ್ದಕ್ಕೂ ಓದಿದ್ದಕ್ಕೂ ಒಂದು ಕಿರ್ದಿ

ಸಿಂಧನೂರಿನ ದಲಾಲಿ ಅಂಗಡಿಗಳಲ್ಲಿ ಭತ್ತದ ಸುಗ್ಗಿ ಎಷ್ಟೇ ಜೋರಾಗಿದ್ದರೂ, ದಿನದ ಜಮಾಖರ್ಚು ಕೂಡಿಸಿ ಶಿಲ್ಕು ತೆಗೆಯದೆ ವ್ಯಾಪಾರಿಗೆ ಸಮಾಧಾನವಿರುವುದಿಲ್ಲ. ಹಳೆಯ ವಹಿಗಳ ಸ್ಥಾನಕ್ಕೆ ಅನೇಕ ಕಡೆ ಈಗ ಗಣಕಯಂತ್ರ ಬಂದಿದೆ. ಆದರೆ ಐವತ್ತು ರೂಪಾಯಿ ತಾಳೆಯಾಗದಿದ್ದರೆ ಮತ್ತೆ ಮೊದಲಿನಿಂದ ಕೂಡಿಸುವ ಅಭ್ಯಾಸ ಹೋಗಿಲ್ಲ. ಅದೇ ಗೃಹಸ್ಥನನ್ನು, ಸೂರ್ಯಾಸ್ತಕ್ಕೆ ಮುಂಚೆ ಊಟ ಮುಗಿಸಿದ ಮೇಲೆ ನಿದ್ರೆಯವರೆಗೆ ಉಳಿದ ಮೂರು ನಾಲ್ಕು ಗಂಟೆಗಳು ನಿನ್ನೆ ಎಲ್ಲಿ ಖರ್ಚಾದವೆಂದು ಕೇಳಿದರೆ ಉತ್ತರ ತಡವರಿಸುತ್ತದೆ. ಟಿವಿಯಲ್ಲಿ ಏನೋ ಬರುತ್ತಿತ್ತು, ಆಮೇಲೆ ಮೊಬೈಲಿನಲ್ಲಿ ಏನೋ ನೋಡಿದ್ದಾಯಿತು ಎಂಬಷ್ಟೇ ನೆನಪು. ರಾತ್ರಿಭೋಜನ ತ್ಯಾಗದ ಫಲವಾಗಿ ಶ್ರಾವಕನ ಮನೆಗೆ ಪ್ರತಿದಿನವೂ ಒಂದು ದೀರ್ಘವಾದ ಸಂಜೆ ಲಭಿಸುತ್ತದೆ. ಆ ಸಂಜೆ ಯಾವ ಖಾತೆಗೆ ಹೋಗುತ್ತಿದೆ ಎಂಬುದು ಇಲ್ಲಿ ವಿಚಾರಿಸಬೇಕಾದ ವಿಷಯ.

ಭೋಗೋಪಭೋಗ ಪರಿಮಾಣ ವ್ರತವನ್ನು ಆಹಾರ, ವಸ್ತ್ರ, ವಾಹನಗಳ ಮಟ್ಟಿಗೆ ಮಾತ್ರ ಅರ್ಥಮಾಡಿಕೊಳ್ಳುವುದು ರೂಢಿಯಾಗಿದೆ. ಇಂದು ಇಷ್ಟು ರಸ, ಇಷ್ಟು ತರಕಾರಿ ಎಂದು ಬೆಳಿಗ್ಗೆ ನಿಯಮ ಹಿಡಿಯುವವರು, ಕಣ್ಣು ಕಿವಿಗಳ ಊಟಕ್ಕೆ ನಿಯಮವುಂಟೆಂದು ನೆನೆಯುವುದು ಅಪರೂಪ. ಆದರೆ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅಳತೆಗೆ ಒಳಪಡಬೇಕಾದವುಗಳನ್ನು ಹೆಸರಿಸುವಾಗ ಊಟ, ವಾಹನ, ಹಾಸಿಗೆ, ಸ್ನಾನ, ಹೂವು, ತಾಂಬೂಲ, ಬಟ್ಟೆ, ಒಡವೆಗಳ ಸಾಲಿನಲ್ಲಿಯೇ ಸಂಗೀತವನ್ನೂ ಗೀತವನ್ನೂ ಸೇರಿಸಿದ್ದಾರೆ. ನೃತ್ಯ ವಾದ್ಯಗಳಿಂದ ಕೂಡಿದ್ದು ಸಂಗೀತವೆಂದೂ ಬರಿಯ ಹಾಡು ಗೀತವೆಂದೂ ವ್ಯಾಖ್ಯಾನಿಸುತ್ತಾರೆ. ದೂರದರ್ಶನವನ್ನು ಈ ಸಾಲಿನಲ್ಲಿ ಕೂಡಿಸಲು ಯಾವ ಹೊಸ ಶಾಸ್ತ್ರವೂ ಬೇಕಾಗಿಲ್ಲ. ತ್ಯಾಗದ ಅವಧಿಯನ್ನೂ ಆಚಾರ್ಯರು ತಿಳಿಸಿದ್ದಾರೆ. ಜೀವವಿರುವವರೆಗೆ ಹಿಡಿದದ್ದು ಯಮ. ಒಂದು ಹಗಲು, ಒಂದು ರಾತ್ರಿ, ಪಕ್ಷ, ತಿಂಗಳು, ಋತು, ಅಯನ ಎಂದು ಕಾಲವನ್ನು ಗೊತ್ತುಮಾಡಿ ಹಿಡಿದದ್ದು ನಿಯಮ. ಟಿವಿಯನ್ನು ಜನ್ಮಪರ್ಯಂತ ಬಿಡುವೆನೆಂದು ಹೇಳಿ ಎಂಟು ದಿನಗಳಲ್ಲಿ ಮುರಿಯುವುದಕ್ಕಿಂತ, ಒಂದು ಪಕ್ಷದ ನಿಯಮವನ್ನು ಹಿಡಿದು ಪೂರೈಸುವುದು ಲೇಸು.

ಒಮ್ಮೆ ಅನುಭವಿಸಿ ಮುಗಿಯುವುದು ಭೋಗ, ಮತ್ತೆ ಮತ್ತೆ ಅನುಭವಿಸಬಹುದಾದದ್ದು ಉಪಭೋಗ. ಈ ವಿಭಾಗವನ್ನು ಹಿಡಿದು ನೋಡಿದರೆ ಕಳೆದ ಐವತ್ತು ವರ್ಷಗಳಲ್ಲಿ ಆದ ಬದಲಾವಣೆ ಚೆನ್ನಾಗಿ ತಿಳಿಯುತ್ತದೆ. ರಾಯಚೂರು ಜಿಲ್ಲೆಯ ಹಳ್ಳಿಗಳಿಗೆ ಟಿವಿ ಬಂದದ್ದು ಅನೇಕ ದೊಡ್ಡ ನಗರಗಳಿಗಿಂತ ಮುಂಚೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ಉಪಗ್ರಹ ಬೋಧನಾ ಪ್ರಯೋಗಕ್ಕೆ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳನ್ನು ಆರಿಸಿದಾಗ, ಕರ್ನಾಟಕದಲ್ಲಿ ಆಯ್ಕೆಯಾದವು ರಾಯಚೂರು, ಗುಲಬರ್ಗಾ, ಬಿಜಾಪುರ ಜಿಲ್ಲೆಗಳ ಹಳ್ಳಿಗಳು. ಬೆಂಗಳೂರಿನಲ್ಲಿ ದೂರದರ್ಶನ ಆರಂಭವಾದದ್ದು 1981ರಲ್ಲಿ. ಅಮೆರಿಕದಿಂದ ಎರವಲು ಪಡೆದ ಉಪಗ್ರಹ, ತಂತಿಬಲೆಯ ದೊಡ್ಡ ಆಂಟೆನಾ, ಊರಿಗೊಂದೇ ಪೆಟ್ಟಿಗೆ, ಅದರ ಮುಂದೆ ನೆಲದ ಮೇಲೆ ಕುಳಿತ ಜನ. ಬೆಳಿಗ್ಗೆ ಮಕ್ಕಳಿಗೆ ಒಂದೂವರೆ ಗಂಟೆ, ಸಂಜೆ ದೊಡ್ಡವರಿಗೆ ಎರಡೂವರೆ ಗಂಟೆ. ಆ ಸಂಜೆಯ ಹೊತ್ತಿನಲ್ಲಿ ಕನ್ನಡಕ್ಕೆ ಒಂದು ಪಾಲು ಮಾತ್ರ. ಬೇಸಾಯ, ಆರೋಗ್ಯ, ಕುಟುಂಬ ಯೋಜನೆ ಮುಂತಾದ ವಿಷಯಗಳು, ಸ್ವಲ್ಪ ಮನರಂಜನೆ. ಯಾರು ಏನು ನೋಡಿದರೆಂಬುದು ಊರಿಗೆಲ್ಲ ಗೊತ್ತಿತ್ತು, ಏಕೆಂದರೆ ಊರೇ ನೋಡಿತ್ತು. ಪ್ರಸಾರ ಮುಗಿದರೆ ಪೆಟ್ಟಿಗೆ ಮುಚ್ಚುತ್ತಿತ್ತು. ಅದು ನಿಜಾರ್ಥದಲ್ಲಿ ಭೋಗವಾಗಿತ್ತು. ಅಳತೆ ಹೊರಗಿನಿಂದಲೇ ಬಂದಿತ್ತು.

1987ರ ಜನವರಿಯಿಂದ 1988ರ ಜುಲೈವರೆಗೆ ಭಾನುವಾರದ ಬೆಳಿಗ್ಗೆ ರಾಮಾಯಣ ಪ್ರಸಾರವಾದಾಗಲೂ ನೆರೆಯವರೆಲ್ಲ ಪೆಟ್ಟಿಗೆಯಿದ್ದ ಮನೆಯಲ್ಲಿ ಕೂಡುತ್ತಿದ್ದರು. ವಾರಕ್ಕೊಮ್ಮೆ ಎಂಬ ಮಿತಿ ತಾನಾಗಿಯೇ ಇತ್ತು. ತರುವಾಯ ಕೇಬಲ್ಲು ಬಂದು ಹಗಲಿರುಳಿನ ಭೇದ ಹೋಯಿತು, ಮೊಬೈಲು ಬಂದು ಮನೆ ಅಂಗಡಿಗಳ ಭೇದವೂ ಹೋಯಿತು. ಇಂದು ಅದೇ ಧಾರಾವಾಹಿಯನ್ನು ಬೇಕೆಂದಾಗ ಬೇಕಾದಷ್ಟು ಸಲ ನೋಡಬಹುದು. ಭೋಗವಾಗಿದ್ದದ್ದು ಉಪಭೋಗವಾಗಿ ಬದಲಾಗಿದೆ. ಪುಸ್ತಕಕ್ಕೆ ಕೊನೆಯ ಪುಟವಿದೆ. ಗ್ರಂಥಾಲಯದಿಂದ ತಂದದ್ದಾದರೆ ಹಿಂತಿರುಗಿಸಬೇಕಾದ ದಿನಾಂಕವನ್ನು ಒತ್ತಿದ ಚೀಟಿಯೂ ಅದರೊಳಗಿರುತ್ತದೆ. ಒಂದರ ಹಿಂದೊಂದು ಜಾರಿಬರುವ ಅರ್ಧ ನಿಮಿಷದ ಚಿತ್ರಗಳಿಗೆ ಮೊದಲೂ ಇಲ್ಲ, ಕೊನೆಯೂ ಇಲ್ಲ. ಹೊರಗಿನ ಅಳತೆ ಇಲ್ಲವಾದಲ್ಲಿ ನೋಡುವವನೇ ಅಳತೆಗೋಲನ್ನು ಹಿಡಿಯಬೇಕಾಗುತ್ತದೆ. ಆದರೆ ಈಗ ಎಷ್ಟು ಇದೆಯೆಂದು ತಿಳಿಯದೆ ಇಷ್ಟಕ್ಕೆ ಇಳಿಸುವೆನೆಂದು ಹೇಳುವುದು ಹೇಗೆ? ಆದುದರಿಂದ ನಿಯಮಕ್ಕೆ ಮುಂಚೆ ಲೆಕ್ಕ ಬರುತ್ತದೆ.

ಕಳೆದ ಕಾಲದ ಲೆಕ್ಕವನ್ನು ತಾನೇ ಒಪ್ಪಿಸುವುದಕ್ಕೆ ಈ ಸೀಮೆಯಲ್ಲಿಯೇ ಬಹು ಪ್ರಾಚೀನವಾದ ಒಂದು ಉದಾಹರಣೆಯಿದೆ. ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿ ಮಸ್ಕಿ ಸಿಗುತ್ತದೆ. ಅಲ್ಲಿಯ ಬೆಟ್ಟದ ಬಂಡೆಯ ಮೇಲಿನ ಶಾಸನವನ್ನು 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಬೀಡನ್ ಎಂಬ ಇಂಜಿನಿಯರು ಗುರುತಿಸಿದನು. ದೇವಾನಾಂಪ್ರಿಯನೆಂಬ ಬಿರುದಿನೊಡನೆ ಅಶೋಕನೆಂಬ ಹೆಸರೂ ಅದರಲ್ಲಿದ್ದುದರಿಂದ ಮಸ್ಕಿಯ ಹೆಸರು ಚರಿತ್ರೆಯಲ್ಲಿ ನಿಂತಿತು. ಹೆಸರಿನ ವಿಷಯವನ್ನು ಶಾಲೆಯ ಮಕ್ಕಳೂ ಬಲ್ಲರು. ಶಾಸನ ಹೇಳುವುದೇನೆಂಬುದನ್ನು ವಿಚಾರಿಸುವವರು ಕಡಿಮೆ. ಮಸ್ಕಿಯಲ್ಲಿ ಅಲ್ಲಲ್ಲಿ ಅಕ್ಷರಗಳು ಸವೆದಿವೆ. ಇದೇ ಶಾಸನದ ಬೇರೆ ಊರುಗಳ ಪ್ರತಿಗಳೊಡನೆ ಸೇರಿಸಿ ಓದಿದಾಗ ಅರ್ಥ ಪೂರ್ಣವಾಗುತ್ತದೆ. ಬೌದ್ಧ ಉಪಾಸಕನಾಗಿ ಎರಡೂವರೆ ವರ್ಷಗಳಿಗೂ ಹೆಚ್ಚಾಯಿತು, ಅದರಲ್ಲಿ ಒಂದು ವರ್ಷ ತಾನು ಅಷ್ಟಾಗಿ ಪ್ರಯತ್ನಿಸಲಿಲ್ಲ, ಸಂಘವನ್ನು ಸಮೀಪಿಸಿ ವರ್ಷಕ್ಕೆ ಮೇಲಾಗಿದೆ, ಈಗ ಶ್ರಮಿಸುತ್ತಿರುವೆನು ಎಂಬ ಆಶಯ ಅದರಲ್ಲಿದೆ. ಸೋತ ವರ್ಷವನ್ನು ಮುಚ್ಚಿಡದೆ ಸಾರ್ವಭೌಮನೊಬ್ಬನು ಬಂಡೆಯ ಮೇಲೆ ಕಂಡರಿಸಿದ್ದಾನೆ. ಮತ ಬೇರೆಯಾದರೂ ಲೆಕ್ಕದ ಪ್ರಾಮಾಣಿಕತೆ ಗಮನಿಸತಕ್ಕದ್ದು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ಹಗುರವಾದುದಲ್ಲ. ನೋಡಿದ ಧಾರಾವಾಹಿಗಳನ್ನೂ ಚಿತ್ರಗಳನ್ನೂ ಬರೆದಿಡುವುದು ಅವುಗಳನ್ನು ಮತ್ತೆ ನೆನೆಯುವುದಕ್ಕೆ ದಾರಿಯಲ್ಲವೇ? ಭೋಗೋಪಭೋಗ ಪರಿಮಾಣದ ಐದು ಅತಿಚಾರಗಳಲ್ಲಿ ಅನುಸ್ಮೃತಿಯೂ ಒಂದು. ಅನುಭವಿಸಿ ಮುಗಿದ ವಿಷಯದ ಸೊಗಸನ್ನು ಮರಳಿ ಮರಳಿ ನೆನೆಯುವುದೇ ಅನುಸ್ಮೃತಿ. ವಿಷಯಗಳ ವಿಷವನ್ನು ಉಪೇಕ್ಷಿಸದಿರುವುದು, ಅತಿಯಾದ ಚಾಪಲ್ಯ, ಅತಿಯಾದ ತೃಷ್ಣೆ, ಅತಿಯಾದ ಅನುಭವ ಎಂಬವು ಉಳಿದ ನಾಲ್ಕು. ಅಂದಮೇಲೆ ಸಂಜೆ ಕುಳಿತು ಕಥೆಯ ತಿರುವುಗಳನ್ನೂ ಮೆಚ್ಚಿದ ನಟರನ್ನೂ ವಿವರವಾಗಿ ಬರೆಯುವವನು ವ್ರತವನ್ನು ಕಾಯುತ್ತಿಲ್ಲ, ಒಂದೇ ಊಟವನ್ನು ಎರಡು ಸಲ ಉಣ್ಣುತ್ತಿದ್ದಾನೆ.

ಇನ್ನೊಂದು ಕಡೆ, ಸ್ವಾಧ್ಯಾಯವೆಂಬ ಅಂತರಂಗ ತಪಸ್ಸಿನ ಐದು ಭೇದಗಳನ್ನು ನೋಡಬೇಕು. ವಾಚನೆ, ಪೃಚ್ಛನೆ, ಅನುಪ್ರೇಕ್ಷೆ, ಆಮ್ನಾಯ, ಧರ್ಮೋಪದೇಶ ಎಂಬ ಈ ಐದರಲ್ಲಿ ಅನುಪ್ರೇಕ್ಷೆಯೆಂದರೆ ತಿಳಿದ ಅರ್ಥವನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ಅಭ್ಯಾಸ ಮಾಡುವುದು. ಅದೂ ಮರಳಿ ನೆನೆಯುವುದೇ. ನೆನೆಯುವ ಕ್ರಿಯೆ ಒಂದೇ ಆದರೂ ಒಂದು ಕಡೆ ಅದು ಅತಿಚಾರ, ಇನ್ನೊಂದು ಕಡೆ ತಪಸ್ಸು. ಈ ಅಂತರವು ಟಿವಿ ಕೆಟ್ಟದ್ದು ಪುಸ್ತಕ ಒಳ್ಳೆಯದು ಎಂಬ ಸುಲಭವಾದ ವಿಭಾಗಕ್ಕೆ ಸರಿಹೊಂದುವುದಿಲ್ಲ. ರಾಗ, ದ್ವೇಷ, ಮದ, ಕಾಮಗಳಿಂದ ಚಿತ್ತವನ್ನು ಕದಡುವ ಕೃತಿಗಳನ್ನು ಕೇಳುವುದು ದುಃಶ್ರುತಿಯೆಂಬ ಅನರ್ಥದಂಡ. ದುಃಶ್ರುತಿಯ ಮಾತು ಹುಟ್ಟಿದಾಗ ಟಿವಿ ಇರಲಿಲ್ಲ, ಗ್ರಂಥಗಳಿದ್ದವು. ಬೇಸಾಯದ ಕಾರ್ಯಕ್ರಮವೊಂದರಿಂದ ಭತ್ತದ ಗದ್ದೆಗೆ ಸಿಂಪಡಿಸುವ ವಿಷವನ್ನು ಕಡಿಮೆ ಮಾಡಲು ಕಲಿತ ರೈತನ ಅರ್ಧ ಗಂಟೆಯು, ರಾತ್ರಿಯೆಲ್ಲ ಓದಿದ ಕೊಲೆಯ ಕಾದಂಬರಿಗಿಂತ ಕೀಳೆಂದು ಯಾರೂ ಹೇಳಲಾರರು. ಆದುದರಿಂದ ಲೆಕ್ಕದಲ್ಲಿ ಎರಡು ಬಗೆಯ ಬರವಣಿಗೆ ಇರಬೇಕು. ರಂಜನೆಗಾಗಿ ಕಂಡದ್ದು ಅಥವಾ ಓದಿದ್ದಾದರೆ ಹೆಸರು ಮತ್ತು ಕಾಲ, ಇಷ್ಟೇ, ಕಥೆ ಬೇಡ. ತಿಳಿವಿಗಾಗಿ ಓದಿದ್ದು ಅಥವಾ ಕಂಡದ್ದಾದರೆ ಪುಟ, ಕಾಲಗಳ ಜೊತೆಗೆ ಉಳಿದ ಅರ್ಥವನ್ನು ಒಂದೆರಡು ಸಾಲಿನಲ್ಲಿ ಬರೆಯಬಹುದು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯ ಗಣಿಯಲ್ಲಿ ಅದಿರನ್ನು ಟನ್ನಿನ ಲೆಕ್ಕದಲ್ಲಿ ಎತ್ತಿ ಚಿನ್ನವನ್ನು ಗ್ರಾಮಿನ ಲೆಕ್ಕದಲ್ಲಿ ಪಡೆಯುತ್ತಾರೆ. ಮುನ್ನೂರು ಪುಟಕ್ಕೆ ಎರಡು ಸಾಲು ಉಳಿದರೆ ನಷ್ಟವೇನೂ ಇಲ್ಲ.

ಲೆಕ್ಕ ಬರೆಯತೊಡಗಿದವನಿಗೆ ಎದುರಾಗುವ ವಂಚನೆಗಳನ್ನು ಪೂರ್ವಾಚಾರ್ಯರು ಬೇರೊಂದು ಸಂದರ್ಭದಲ್ಲಿ ಹೇಳಿಟ್ಟಿದ್ದಾರೆ. ಗುರುವಿನ ಮುಂದೆ ದೋಷವನ್ನು ನಿವೇದಿಸುವ ಆಲೋಚನೆಗೆ ಹತ್ತು ದೋಷಗಳುಂಟೆಂದು ಭಗವತೀ ಆರಾಧನೆಯಲ್ಲಿದೆ; ಕನ್ನಡದ ವಡ್ಡಾರಾಧನೆಯ ಕಥೆಗಳು ಈ ಗ್ರಂಥದ ಗಾಹೆಗಳೊಡನೆ ಸಂಬಂಧವುಳ್ಳವು. ಪರರ ಕಣ್ಣಿಗೆ ಬಿದ್ದುದನ್ನು ಮಾತ್ರ ಹೇಳುವುದು ದೃಷ್ಟವೆಂಬ ದೋಷ. ನಡುಮನೆಯ ಟಿವಿಯನ್ನು ಬರೆದು, ಹಾಸಿಗೆಯಲ್ಲಿ ಮುಸುಕಿನೊಳಗೆ ನೋಡಿದ ಮೊಬೈಲನ್ನು ಬಿಡುವುದು ಇದೇ. ದೊಡ್ಡದನ್ನು ಹೇಳಿ ಸಣ್ಣದನ್ನು ಬಿಡುವುದು ಬಾದರ: ಮೂರು ಗಂಟೆಯ ಚಲನಚಿತ್ರ ಲೆಕ್ಕಕ್ಕೆ ಬರುತ್ತದೆ, ಐದೈದು ನಿಮಿಷದಂತೆ ಇಪ್ಪತ್ತು ಸಲ ನೋಡಿದ್ದು ಬರುವುದಿಲ್ಲ. ಸಣ್ಣದನ್ನು ಹೇಳಿ ದೊಡ್ಡದನ್ನು ಮರೆಸುವುದು ಸೂಕ್ಷ್ಮ. ಗದ್ದಲದ ನಡುವೆ ಯಾರಿಗೂ ಕೇಳಿಸದಂತೆ ಹೇಳಿ ಮುಗಿಸುವುದು ಶಬ್ದಾಕುಲಿತ. ಟಿವಿಯನ್ನು ಹಚ್ಚಿಟ್ಟುಕೊಂಡೇ ಅದರ ಲೆಕ್ಕ ಬರೆಯುವವನಿಗೆ ಈ ಹೆಸರು ಒಪ್ಪುತ್ತದೆ. ತನ್ನಂತೆಯೇ ತಪ್ಪುವವನ ಬಳಿ ಹೇಳಿಕೊಳ್ಳುವುದು ತತ್ಸೇವಿ. ಇಬ್ಬರು ಗೆಳೆಯರು ಲೆಕ್ಕಗಳನ್ನು ಹೋಲಿಸಿಕೊಂಡು, ನೀನೂ ನಾಲ್ಕು ಗಂಟೆ ನಾನೂ ನಾಲ್ಕು ಗಂಟೆ ಎಂದು ಸಮಾಧಾನಪಡುವುದು ಅದರ ಇಂದಿನ ರೂಪ. ಪುಸ್ತಕದ ವಿಷಯದಲ್ಲಿ ವಂಚನೆ ಇನ್ನೊಂದು ಬಗೆಯದು: ಹೇಳಿಕೊಳ್ಳಲು ಗೌರವವೆನಿಸುವ ಗ್ರಂಥವನ್ನು ಹತ್ತು ಪುಟ ಓದಿ ಪೂರ್ತಿ ಓದಿದಂತೆ ಬರೆಯುವುದು. ಮೊಬೈಲು ತಾನೇ ದಿನದ ಗಂಟೆಗಳನ್ನು ಎಣಿಸಿ ತೋರಿಸುತ್ತದೆ, ನಿಜ. ಆ ಅಂಕಿಯನ್ನು ತಾಳೆ ನೋಡಲು ಬಳಸಬಹುದು. ಆದರೆ ಯಂತ್ರದ ಎಣಿಕೆ ನಿವೇದನೆಯಾಗದು.

ಯಾರ ಲೆಕ್ಕಕ್ಕೆ ಯಾವುದು ಸೇರಬೇಕೆಂಬ ಪ್ರಶ್ನೆ ಕೂಡುಕುಟುಂಬದಲ್ಲಿ ಏಳುವುದು ಸಹಜ. ಕೃತ, ಕಾರಿತ, ಅನುಮೋದನಗಳ ವಿಭಾಗ ಇಲ್ಲಿ ಸಹಾಯಕ್ಕೆ ಬರುತ್ತದೆ. ಊಟ ಮಾಡಲಿಯೆಂದು ಮಗುವಿನ ಕೈಗೆ ಮೊಬೈಲು ಕೊಟ್ಟ ಅಜ್ಜಿ ತಾನು ನೋಡದಿದ್ದರೂ ಅದು ಕಾರಿತ. ಆ ಇಪ್ಪತ್ತು ನಿಮಿಷವನ್ನು ಆಕೆಯೇ ಬರೆದುಕೊಳ್ಳಬೇಕು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ಧಾರಾವಾಹಿಯ ಮಾತಿಗೆ ಕಿವಿಗೊಟ್ಟ ಸೊಸೆಯ ಲೆಕ್ಕ ಮನಸ್ಸು ಎಲ್ಲಿತ್ತು ಎಂಬುದರ ಮೇಲೆ ನಿಲ್ಲುತ್ತದೆ, ಅದನ್ನು ಬೇರೆಯವರು ನಿರ್ಣಯಿಸಲಾಗದು. ಮನೆಯ ಯಜಮಾನನು ಇತರರ ಪುಸ್ತಕ ತೆರೆದು ತಪಾಸಣೆ ಮಾಡುವುದು ಸರ್ವಥಾ ಸಲ್ಲದು.

ಹೀಗೆ ಒಂದು ತಿಂಗಳು ಬರೆದು ನೋಡಿದರೆ ಅಷ್ಟಮಿ ಚತುರ್ದಶಿಗಳ ಪುಟದಲ್ಲಿ ಹಲವರಿಗೆ ಒಂದು ಅಹಿತವಾದ ಸಂಗತಿ ಕಾಣಬಹುದು. ಉಪವಾಸದ ದಿನ ಅಡುಗೆಯಿಲ್ಲ, ಅಂಗಡಿಗೆ ಹೋಗುವುದು ಕಡಿಮೆ, ಹೊತ್ತು ಹೋಗುವುದಿಲ್ಲ. ಆದ್ದರಿಂದ ಉಳಿದ ದಿನಗಳಿಗಿಂತ ಅಂದೇ ಟಿವಿಯ ಗಂಟೆಗಳು ಹೆಚ್ಚು. ಬಾಯಿ ಮುಚ್ಚಿದೆ, ಕಣ್ಣು ಉಣ್ಣುತ್ತಿದೆ. ಉಪವಾಸ ಮಾಡುವವನು ಆಲಸ್ಯವಿಲ್ಲದೆ ಧರ್ಮಾಮೃತವನ್ನು ಕಿವಿಗಳಿಂದ ಬಾಯಾರಿದವನಂತೆ ಕುಡಿಯಬೇಕು, ಇತರರಿಗೂ ಕುಡಿಸಬೇಕು ಎಂಬುದು ಸಮಂತಭದ್ರರ ವಿಧಿ. ಮೊದಲ ನಿಯಮ ಯಾವುದಿರಬೇಕೆಂದು ಹುಡುಕುವವರು ಈ ಎರಡು ತಿಥಿಗಳಿಂದ ಆರಂಭಿಸಬಹುದು: ಅಂದು ಪರದೆ ಮುಚ್ಚಿರುವುದು, ಒಂದು ಗ್ರಂಥವನ್ನು ಮನೆಯವರಿಗೆ ಕೇಳಿಸುವಂತೆ ಓದುವುದು. ಓದಲು ಕಣ್ಣು ಸಾಲದ ವೃದ್ಧರಿಗೆ ಮೊಮ್ಮಕ್ಕಳು ಓದಿ ಹೇಳಿದರೆ ಇಬ್ಬರ ಪುಸ್ತಕದಲ್ಲಿಯೂ ಅದೇ ಪುಟಗಳನ್ನು ಬರೆಯತಕ್ಕದ್ದು.

ಬರೆಯುವ ಕ್ರಮ ಸರಳವಾಗಿದ್ದಷ್ಟೂ ಬಾಳುತ್ತದೆ. ಕೈಯಗಲದ ಒಂದು ನೋಟುಪುಸ್ತಕ, ಎಡಪುಟದಲ್ಲಿ ಕಂಡದ್ದು, ಬಲಪುಟದಲ್ಲಿ ಓದಿದ್ದು. ದೈವಸಿಕ ಪ್ರತಿಕ್ರಮಣಕ್ಕೆ ಕುಳಿತುಕೊಳ್ಳುವ ಮುಂಚೆ ಬರೆದರೆ ಅದು ಆ ಕ್ರಿಯೆಗೆ ಒದಗುತ್ತದೆ. ಆ ಬಳಿಕ ಕಂಡದ್ದು, ಓದಿದ್ದು ಮರುದಿನದ ಪುಟಕ್ಕೆ ಸೇರಬೇಕು. ಗಣಿಯಲ್ಲಿ ರಾತ್ರಿ ಪಾಳಿಯ ಕೆಲಸದವರು ಎದ್ದಾಗಿನಿಂದ ಮಲಗುವವರೆಗೆ ಒಂದು ದಿನವೆಂದು ಹಿಡಿದುಕೊಳ್ಳಬಹುದು. ಪಕ್ಷಕ್ಕೊಮ್ಮೆ ಕೂಡಿಸಿದರೆ ಸಾಕು, ದಿನವೂ ಕೂಡಿಸುವುದು ಹೆಮ್ಮೆಗೋ ದುಃಖಕ್ಕೋ ಎಡೆಮಾಡುತ್ತದೆ. ಬರೆಯಲು ಮರೆತ ದಿನವನ್ನು ಮರುದಿನ ಊಹೆಯಿಂದ ತುಂಬಬಾರದು. ದಿನಾಂಕವನ್ನು ಮಾತ್ರ ಹಾಕಿ ಪುಟವನ್ನು ಖಾಲಿ ಬಿಡಬೇಕು. ಪಕ್ಷದ ಕೊನೆಯಲ್ಲಿ ಕೂಡಿಸುವಾಗ ಖಾಲಿ ಪುಟಗಳನ್ನೂ ಎಣಿಸಿ ಬರೆಯತಕ್ಕದ್ದು.