ಬಿಡುಗಡೆ ಪತ್ರ ಕೈಗೆ ಬರುವ ಮೊದಲು ಬಸ್ಸು ಹತ್ತಬೇಡಿ

ಕಟಕೋಳ, ರಾಮದುರ್ಗ, ಸವದತ್ತಿ ಕಡೆಯಿಂದ ಗೋವಾಕ್ಕೋ ಮಹಾರಾಷ್ಟ್ರಕ್ಕೋ ದುಡಿಯಲು ಹೋಗಿ, ಕೂಲಿಗೆ ಕರೆದೊಯ್ದ ಮುಕಾದಮನ ಕೈಯಿಂದ ಪಾರಾಗಿ ಬಂದವರು ವಕೀಲರ ಹತ್ತಿರ ಕೇಳುವುದು ಹೆಚ್ಚಾಗಿ ಒಂದೇ: “ಸಾಹೇಬ್ರ, ಉಳದ ಪಗಾರ ಕೊಡಸ್ರಿ, ಅಷ್ಟ ಸಾಕು.” ಅವರ ಕೈಯಲ್ಲಿ ಮಡಚಿ ಮಡಚಿ ಹರಿಯಲು ಬಂದ ಒಂದು ಹಾಳೆ ಇರುತ್ತದೆ. ದೂರದ ಯಾವುದೋ ಠಾಣೆಯಲ್ಲಿ ಬರೆಸಿದ ರಾಜಿ ಪತ್ರ. ಮಾಲೀಕ ಬಸ್ ಖರ್ಚು ಕೊಟ್ಟಿದ್ದಾನೆ, ಲೆಕ್ಕ ಚುಕ್ತಾ ಆಗಿದೆ, ಯಾರ ಮೇಲೂ ತಕರಾರಿಲ್ಲ ಎಂದು ಬರೆದು ಕೆಳಗೆ ಹೆಬ್ಬೆಟ್ಟು ಒತ್ತಿಸಿರುತ್ತಾರೆ. ನಿಜಕ್ಕೂ ಇರಬೇಕಾಗಿದ್ದ ಹಾಳೆ ಬೇರೆ. ಅದು ಉಪವಿಭಾಗಾಧಿಕಾರಿ ಅಥವಾ ಜಿಲ್ಲಾಧಿಕಾರಿ ಸಹಿ ಮಾಡಿದ ಜೀತ ಬಿಡುಗಡೆ ಪ್ರಮಾಣಪತ್ರ. ಅದಿಲ್ಲದೆ ಬಂದವರು ಸರ್ಕಾರದ ಲೆಕ್ಕದಲ್ಲಿ ಕೆಲಸ ಬಿಟ್ಟು ಓಡಿಬಂದವರು, ಅಷ್ಟೇ. ಲಕ್ಷಗಟ್ಟಲೆ ರೂಪಾಯಿ ಪರಿಹಾರವನ್ನು ಜನ ಎರಡು ಸಾವಿರ ರೂಪಾಯಿ ಬಸ್ ಖರ್ಚಿಗೆ ಬಿಟ್ಟುಬರುವುದನ್ನು ನೋಡಿ ನೋಡಿ ಸಿಟ್ಟು ಬಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಮನಸ್ಸಿನ ಭಾರ ಇಳಿಸಿಕೊಳ್ಳಿ. ಮುಂಗಡ ತಗೊಂಡಿದ್ದೇವೆ, ತೀರಿಸದೆ ಬಂದರೆ ನಮ್ಮದೇ ತಪ್ಪು ಎಂಬ ಅಂಜಿಕೆಯಿಂದಲೇ ಅರ್ಧ ಮಂದಿ ಠಾಣೆಯ ಮೆಟ್ಟಿಲು ಹತ್ತುವುದಿಲ್ಲ. ಜೀತ ಪದ್ಧತಿ ರದ್ದತಿ ಕಾಯ್ದೆ 1976ರದು. ಅದರ 6ನೇ ಕಲಮಿನ ಪ್ರಕಾರ ಜೀತಕ್ಕೆ ಕಟ್ಟಿಹಾಕಿದ ಸಾಲ ಸತ್ತ ಸಾಲ. ನೀವು ತೀರಿಸಬೇಕಾಗಿಲ್ಲ. ಅಷ್ಟೇ ಅಲ್ಲ, 9ನೇ ಕಲಮಿನಂತೆ ಆ ಸಾಲದ ಬಾಬ್ತು ಒಂದು ರೂಪಾಯಿ ಇಸಿದುಕೊಂಡರೂ ಮಾಲೀಕನಿಗೆ ಮೂರು ವರ್ಷದವರೆಗೆ ಜೈಲು. ಮುಕಾದಮ ಮನೆ ಮುಂದೆ ಬಂದು ಎಮ್ಮೆ ಬಿಚ್ಚಿಕೊಂಡು ಹೋಗುತ್ತೇನೆ ಎಂದರೆ ಅಪರಾಧ ಮಾಡುತ್ತಿರುವವನು ಅವನು, ನೀವಲ್ಲ.

ಹಾಗಂತ ಮುಂಗಡ ಪಡೆದ ಎಲ್ಲ ಕೆಲಸವೂ ಜೀತವಲ್ಲ. ಮುಂಗಡ ಪಡೆದ ಮೇಲೆ ಬೇಕಾದಾಗ ಬಿಟ್ಟುಹೋಗುವ ಹಾಗಿಲ್ಲ, ಬೇರೆ ಕಡೆ ದುಡಿಯುವ ಹಾಗಿಲ್ಲ, ಇಲ್ಲವೇ ಸರ್ಕಾರ ನಿಗದಿ ಮಾಡಿದ ಕನಿಷ್ಠ ಕೂಲಿಯೂ ಸಿಗುತ್ತಿಲ್ಲ ಎಂದಾದರೆ ಅದು ಜೀತ. ಅಧಿಕಾರಿಗಳು ಸ್ಥಳಕ್ಕೆ ಬಂದು “ಸರಪಳಿ ಎಲ್ಲೈತಿ? ಗೇಟಿಗೆ ಬೀಗ ಎಲ್ಲೈತಿ?” ಎಂದು ಕೇಳುತ್ತಾರೆ. ಕಾಯ್ದೆಯಲ್ಲಿ ಸರಪಳಿಯ ಮಾತೇ ಇಲ್ಲ. ಆಧಾರ್ ಕಾರ್ಡು ಕಸಿದಿಟ್ಟುಕೊಂಡಿದ್ದರೆ, ಹಬ್ಬಕ್ಕೆ ಊರಿಗೆ ಹೋಗುವಾಗ ಒಂದು ಮಗುವನ್ನು ಅಲ್ಲೇ ಬಿಟ್ಟುಹೋಗಿ ಎಂದಿದ್ದರೆ ಅದೇ ಸರಪಳಿ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಎಂದು ಸುಪ್ರೀಂ ಕೋರ್ಟ್ ಏಷ್ಯಾಡ್ ಕಾರ್ಮಿಕರ ಪ್ರಕರಣದಲ್ಲಿ 1982ರಲ್ಲೇ ಹೇಳಿದೆ. ಬಲವಂತದಿಂದ ದುಡಿಸಿದ್ದು ಕಂಡುಬಂದರೆ ಮುಂಗಡ ಕೊಟ್ಟೇ ದುಡಿಸಿದ್ದಾರೆಂದು ಭಾವಿಸಬೇಕು ಎಂದು 1984ರ ಬಂಧುವಾ ಮುಕ್ತಿ ಮೋರ್ಚಾ ಪ್ರಕರಣದಲ್ಲಿ ಹೇಳಿತು. ಕಾಯ್ದೆಯ 15ನೇ ಕಲಮಿನಂತೆ ಸಾಲ ಜೀತಸಾಲವಲ್ಲ ಎಂದು ತೋರಿಸುವ ಹೊಣೆ ಮಾಲೀಕನದು. ಬಡವನ ಕೈಯಲ್ಲಿ ಕರಾರುಪತ್ರ ಕೇಳುವ ಅಧಿಕಾರಿ ಕಾಯ್ದೆಯನ್ನು ತಲೆಕೆಳಗೆ ಹಿಡಿದು ಓದುತ್ತಿದ್ದಾನೆ.

“ಇವರು ತಮ್ಮ ಖುಷಿಯಿಂದಲೇ ಬಂದವರು” ಎಂಬ ಮಾತನ್ನೂ ಕೇಳುತ್ತೀರಿ. ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಂ ಮಾನವ ಕಳ್ಳಸಾಗಣೆಯದು. ಕನಿಷ್ಠ ಏಳು ವರ್ಷ ಶಿಕ್ಷೆ. ಮೋಸ, ಬೆದರಿಕೆ ಅಥವಾ ಆಮಿಷದಿಂದ ಕರೆದೊಯ್ದಿದ್ದರೆ ನೀವು ಒಪ್ಪಿ ಹೋಗಿದ್ದಿರಿ ಎಂಬುದು ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಈಗ ಬಲೆ ಎಲ್ಲಿದೆ ಎಂಬುದಕ್ಕೆ ಬರುತ್ತೇನೆ. ಬಿಡುಗಡೆ ಪತ್ರ ಕೊಡುವುದು ನೀವು ದುಡಿಯುತ್ತಿದ್ದ ಜಾಗದ ಉಪವಿಭಾಗಾಧಿಕಾರಿ ಅಥವಾ ಜಿಲ್ಲಾಧಿಕಾರಿ. ಬೈಲಹೊಂಗಲದ ಉಪವಿಭಾಗಾಧಿಕಾರಿಯ ವ್ಯಾಪ್ತಿಯಲ್ಲಿ ದುಡಿದಿದ್ದರೆ ಬೈಲಹೊಂಗಲದಲ್ಲಿ. ಗೋವಾದಲ್ಲೋ ಸಾಂಗಲಿಯಲ್ಲೋ ಆದರೆ ಅಲ್ಲಿ. ಮಾಲೀಕನಿಗೂ ಮಧ್ಯವರ್ತಿಗೂ ಇದು ಚೆನ್ನಾಗಿ ಗೊತ್ತು. ಆದ್ದರಿಂದಲೇ ದೂರು ಬಂದ ರಾತ್ರಿಯೇ ನಿಮ್ಮನ್ನು ಬಸ್ಸಿಗೆ ಹತ್ತಿಸುವ ಅವಸರ. ಪೊಲೀಸರಿಗೂ ಕೆಲಸ ಕಡಿಮೆ, ಕಂದಾಯದವರಿಗೂ ತಮ್ಮ ತಾಲೂಕಿನಲ್ಲಿ ಜೀತವಿಲ್ಲ ಎಂದು ವರದಿ ಬರೆಯಲು ಅನುಕೂಲ. ನೀವು ಮುನವಳ್ಳಿ ದಾಟುವ ಹೊತ್ತಿಗೆ ಅಲ್ಲಿಯ ಶೆಡ್ಡಿನಲ್ಲಿ ನೀವಿದ್ದ ಗುರುತೂ ಉಳಿದಿರುವುದಿಲ್ಲ. ಊರಿಗೆ ಬಂದು ಅರ್ಜಿ ಕೊಟ್ಟರೆ ಇಲ್ಲಿಯವರು “ಅದು ನಮ್ಮ ವ್ಯಾಪ್ತಿ ಅಲ್ಲ” ಎನ್ನುತ್ತಾರೆ, ಅಲ್ಲಿಯವರು “ಅಂಥವರು ಯಾರೂ ಇಲ್ಲಿ ಇರಲಿಲ್ಲ” ಎನ್ನುತ್ತಾರೆ.

ಆದ್ದರಿಂದ ಪತ್ರ ಕೈಗೆ ಬರುವ ತನಕ ಅಲ್ಲಿಂದ ಕದಲಬೇಡಿ ಎನ್ನುವುದು ನನ್ನ ಮೊದಲ ಮಾತು. ಜೀವಕ್ಕೆ ಅಪಾಯವಿದ್ದರೆ ಮಾತ್ರ ಇದಕ್ಕೆ ವಿನಾಯಿತಿ. ಆಗ ಮೊದಲು ಹೊರಬನ್ನಿ, 112ಕ್ಕೆ ಕರೆ ಮಾಡಿ, ಸಿಕ್ಕ ಮೊದಲ ಠಾಣೆಗೆ ಹೋಗಿ. ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ಅಪರಾಧ ಎಲ್ಲಿಯೇ ನಡೆದಿರಲಿ, ಯಾವ ಠಾಣೆಯಾದರೂ ದೂರು ದಾಖಲಿಸಬೇಕು. ಕಟಕೋಳ ಠಾಣೆಗೂ ಇದು ಅನ್ವಯಿಸುತ್ತದೆ. ಎಫ್‌ಐಆರ್ ಪ್ರತಿ ಪುಕ್ಕಟೆ, ಕೇಳಿ ಇಸಿದುಕೊಳ್ಳಿ.

ಅಧಿಕಾರಿ ಸ್ಥಳಕ್ಕೆ ಬಂದಾಗ ಕೊಡುವ ಹೇಳಿಕೆಯಲ್ಲಿ ನಾಲ್ಕು ಸಂಗತಿ ಇರಲೇಬೇಕು: ಮುಂಗಡ ಎಷ್ಟು ಮತ್ತು ಯಾರು ಕೊಟ್ಟರು, ದಿನಕ್ಕೆ ಎಷ್ಟು ತಾಸು ದುಡಿದಿರಿ, ಕೈಗೆ ಎಷ್ಟು ಸಿಕ್ಕಿತು, ಬಿಟ್ಟುಹೋಗುತ್ತೇವೆ ಎಂದಾಗ ಏನು ಅಂದರು, ಏನು ಮಾಡಿದರು. ಕಡೆಯದು ಹೆಚ್ಚಾಗಿ ಬಿಟ್ಟುಹೋಗುತ್ತದೆ, ಏಕೆಂದರೆ ಬರೆದುಕೊಳ್ಳುವ ಗುಮಾಸ್ತ ಕೇಳುವುದು ಪಗಾರ ಬಾಕಿಯನ್ನು ಮಾತ್ರ. ಹಾಗೆ ಬರೆದರೆ ಅದು ಕೂಲಿ ಜಗಳವಾಗಿ ಕಾರ್ಮಿಕ ಇಲಾಖೆಗೆ ಹೋಗುತ್ತದೆ, ಬಿಡುಗಡೆ ಪತ್ರ ಹುಟ್ಟುವುದೇ ಇಲ್ಲ. ಓದಿ ಹೇಳಿ ಎಂದು ಕೇಳಿ. ಬೇರೆ ರಾಜ್ಯದಲ್ಲಿ ಮರಾಠಿಯಲ್ಲೋ ಕೊಂಕಣಿಯಲ್ಲೋ ಬರೆದಿದ್ದರೆ ಕನ್ನಡದಲ್ಲಿ ತಿಳಿಸಿ ಹೇಳುವವರು ಬರುವ ತನಕ ಹೆಬ್ಬೆಟ್ಟು ಒತ್ತಬೇಡಿ. ಖಾಲಿ ಹಾಳೆಗೆ ಸಹಿ ಎಂದಿಗೂ ಬೇಡ. ಮಾಲೀಕ ಅಥವಾ ಅವನ ಮಂದಿ ಎದುರಿಗೆ ಕೂತಿದ್ದರೆ ಅವರನ್ನು ಹೊರಗೆ ಕಳಿಸಿ ಎಂದು ಕೇಳಿ. ಮುಂಗಡದ ಫೋನ್‌ಪೇ ಸಂದೇಶ, ಮುಕಾದಮನ ಕರೆಗಳು, ಹಾಜರಿ ಪುಸ್ತಕದ ಫೋಟೋ ಯಾವುದಿದ್ದರೂ ತೋರಿಸಿ. ಏನೂ ಇಲ್ಲದಿದ್ದರೆ ನಿಮ್ಮ ಬಾಯಿಮಾತೂ ಸಾಕ್ಷಿಯೇ.

ಇನ್ನೊಂದು ನಷ್ಟ ಹೆಂಗಸರದು. ಕಬ್ಬು ಕಡಿಯುವಲ್ಲಿ ಗಂಡ ಹೆಂಡತಿಯನ್ನು ಒಂದು ಜೋಡಿ ಎಂದು ಎಣಿಸಿ ಗಂಡನ ಹೆಸರಿಗೆ ಮುಂಗಡ ಬರೆಯುತ್ತಾರೆ. ಅಧಿಕಾರಿಯೂ ಅದೇ ಪಟ್ಟಿ ನೋಡಿ ಗಂಡನೊಬ್ಬನ ಹೆಸರಿಗೆ ಪತ್ರ ಕೊಡುತ್ತಾನೆ. ದುಡಿದ ಪ್ರತಿಯೊಬ್ಬರಿಗೂ, ಹೆಂಡತಿಗೂ ದುಡಿದ ಮಗುವಿಗೂ, ಬೇರೆ ಬೇರೆ ಪತ್ರ ಬೇಕು. ಯಾಕೆಂದರೆ ಕೇಂದ್ರದ ಪುನರ್ವಸತಿ ಯೋಜನೆಯಲ್ಲಿ ವಯಸ್ಕ ಗಂಡಸಿಗೆ 1 ಲಕ್ಷ ರೂಪಾಯಿ, ಹೆಂಗಸರಿಗೆ ಮತ್ತು ಮಕ್ಕಳಿಗೆ 2 ಲಕ್ಷ. ಕಳ್ಳಸಾಗಣೆ, ಲೈಂಗಿಕ ಶೋಷಣೆಯಂಥ ಘೋರ ಪ್ರಕರಣಗಳಲ್ಲಿ, ಅಂಗವಿಕಲರಿಗೆ, ಲಿಂಗತ್ವ ಅಲ್ಪಸಂಖ್ಯಾತರಿಗೆ 3 ಲಕ್ಷ. ಪತ್ರದಲ್ಲಿ ಒಂದು ಹೆಸರು ಬಿಟ್ಟುಹೋದರೆ ಮನೆಗೆ ಬರಬೇಕಾದ ದೊಡ್ಡ ಪಾಲೇ ಹೋಯಿತು.

ಈ ಹಣದಲ್ಲಿ ತಕ್ಷಣದ ನೆರವು 30,000 ರೂಪಾಯಿವರೆಗೆ. ಪ್ರಕರಣ ಮುಗಿಯುವ ತನಕ ಅದಕ್ಕೆ ಕಾಯಬೇಕಾಗಿಲ್ಲ. ಜಿಲ್ಲಾಧಿಕಾರಿಯ ಕೈಯಲ್ಲಿ ಇದಕ್ಕೆಂದೇ ಕನಿಷ್ಠ 10 ಲಕ್ಷದ ನಿಧಿ ಇರಬೇಕೆಂದು ಯೋಜನೆ ಹೇಳುತ್ತದೆ. “ಇನ್ನೂ ಅನುದಾನ ಬಂದಿಲ್ಲ” ಎಂಬ ಉತ್ತರವನ್ನು ಒಪ್ಪಬೇಡಿ. ಉಳಿದ ದೊಡ್ಡ ಮೊತ್ತ ಬರುವುದು ನ್ಯಾಯಾಲಯದಲ್ಲಿ ಜೀತ ಸಾಬೀತಾದ ಮೇಲೆ. ಅದಕ್ಕೆ ವರ್ಷಗಳೇ ಹಿಡಿಯುತ್ತವೆ, ಇದು ಯೋಜನೆಯ ದೊಡ್ಡ ಕೊರತೆ. ಆದರೆ ಜಿಲ್ಲಾಡಳಿತಕ್ಕೆ ಮೇಲ್ನೋಟಕ್ಕೆ ಪುರಾವೆ ಸಿಕ್ಕಿದ್ದರೆ ಶಿಕ್ಷೆಯ ವಿವರ ಇಲ್ಲವೆಂಬ ಕಾರಣಕ್ಕೆ ಪ್ರಸ್ತಾವ ನಿಲ್ಲಿಸುವಂತಿಲ್ಲ. ಪರಿಶಿಷ್ಟ ಜಾತಿ, ಪಂಗಡದವರಾದರೆ ದೌರ್ಜನ್ಯ ತಡೆ ಕಾಯ್ದೆಯ ಕಲಂ ಕೂಡ ಎಫ್‌ಐಆರ್‌ನಲ್ಲಿ ಸೇರಿದೆಯೇ ನೋಡಿ. ಅದರ ಪರಿಹಾರ ಬೇರೆಯೇ.

ಸವದತ್ತಿ ಸೀಮೆಯಿಂದ ದೇವರ ಹೆಸರಲ್ಲೋ ಮನೆಗೆಲಸದ ಆಸೆ ತೋರಿಸಿಯೋ ಹುಡುಗಿಯರನ್ನು ಮುಂಬೈ, ಪುಣೆ, ಸಾಂಗಲಿಗೆ ಒಯ್ದ ಇತಿಹಾಸ ನಮಗೆ ಹೊಸದಲ್ಲ. ವೇಶ್ಯಾಗೃಹದ ಮೇಲಿನ ದಾಳಿಯಲ್ಲಿ ಸಿಕ್ಕ ಹೆಂಗಸಿಗೆ ಮಾಲಕಿಯ ಕಡೆಯ ವಕೀಲ ಬಂದು “ತಪ್ಪು ಒಪ್ಕೋ, ದಂಡ ಕಟ್ಟತೀವಿ, ಸಂಜೀಕ ಹೊರಗ ಬರತಿ” ಎನ್ನುತ್ತಾನೆ. ಅವನ ಮಾತು ಕೇಳಿದರೆ ಅವಳು ಬಾಧಿತೆಯಿಂದ ಅಪರಾಧಿಯಾಗುತ್ತಾಳೆ, ಮತ್ತೆ ಅದೇ ಕೋಣೆಗೆ ಹೋಗುತ್ತಾಳೆ. ಮುಂಗಡದ ಸಾಲ ತೀರಿಸಲು ಅಲ್ಲಿ ಇರಿಸಿಕೊಂಡಿದ್ದರೆ ಅವಳಿಗೂ ಬಿಡುಗಡೆ ಪತ್ರದ ಹಕ್ಕಿದೆ. ಸಂತ್ರಸ್ತರ ಪರಿಹಾರವನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಬಹುದು, ಆರೋಪಿ ಪತ್ತೆಯಾಗದಿದ್ದರೂ. ವಿಳಾಸದ ದಾಖಲೆ ಇಲ್ಲದ ಲೈಂಗಿಕ ಕಾರ್ಯಕರ್ತೆಯರಿಗೂ ಆಧಾರ್ ಕೊಡಬೇಕು, ಅದರಲ್ಲಿ ಅವರ ವೃತ್ತಿ ಬಯಲಾಗಬಾರದು ಎಂದು ಸುಪ್ರೀಂ ಕೋರ್ಟ್ 2022ರ ಮೇ 19ರಂದು ಆದೇಶಿಸಿದೆ.

ಹೊರದೇಶದಲ್ಲಿ ಇದೇ ಬಲೆ ವೀಸಾದ ರೂಪದಲ್ಲಿರುತ್ತದೆ. ಪಾಸ್‌ಪೋರ್ಟ್ ಕಸಿದುಕೊಂಡ ಮಾಲೀಕ “ಪೊಲೀಸರ ಹತ್ತಿರ ಹೋದರೆ ನಿನ್ನನ್ನೇ ಹೊರಗೆ ಹಾಕತಾರೆ” ಎಂದು ಹೆದರಿಸುತ್ತಾನೆ. ಅಮೆರಿಕದಲ್ಲಿ 2000ರ ಕಾಯ್ದೆಯಿಂದ ಬಂದ ಟಿ ವೀಸಾ ಕಳ್ಳಸಾಗಣೆಗೆ ಒಳಗಾದವರಿಗೆ ನಾಲ್ಕು ವರ್ಷ ಇರಲು ಅನುಮತಿ ಕೊಡುತ್ತದೆ; ತನಿಖೆಗೆ ಸಹಕರಿಸಬೇಕು, ಹದಿನೆಂಟರ ಒಳಗಿನವರಿಗೆ ಆ ಷರತ್ತಿಲ್ಲ. ಯುರೋಪಿನ 2005ರ ಒಡಂಬಡಿಕೆ ಯೋಚಿಸಿ ನಿರ್ಧರಿಸಲು ಕನಿಷ್ಠ 30 ದಿನ ಕೊಡುತ್ತದೆ, ಆ ದಿನಗಳಲ್ಲಿ ಹೊರಹಾಕುವಂತಿಲ್ಲ. ಬೇರೆ ದೇಶದಿಂದ ನಮ್ಮಲ್ಲಿಗೆ ಕರೆತಂದು ಮಾರಿದ ಹೆಣ್ಣುಮಗಳೊಬ್ಬಳು ಬೆಂಗಳೂರಿನಲ್ಲಿ ಸಿಕ್ಕರೂ ನಿಯಮ ಹೀಗೆಯೇ: ಆಕೆ ಬಾಧಿತೆ ಎಂದು ಕಂಡರೆ ಆಗಿನ ವಿದೇಶಿಯರ ಕಾಯ್ದೆಯಡಿ ಆರೋಪಪಟ್ಟಿ ಹಾಕದೆ ಆಶ್ರಯಗೃಹದಲ್ಲಿಡಬೇಕೆಂದು ಕೇಂದ್ರ ಗೃಹ ಸಚಿವಾಲಯ 2012ರಲ್ಲೇ ರಾಜ್ಯಗಳಿಗೆ ಬರೆದಿದೆ.

ಪತ್ರ ಇಲ್ಲದೆ ಆಗಲೇ ಊರಿಗೆ ಬಂದವರು ಕೈಚೆಲ್ಲಬೇಡಿ. ಜೀತ ನಡೆದಿದೆಯೇ ಎಂದು ವಿಚಾರಿಸುವುದು ಜೀತ ರದ್ದತಿ ಕಾಯ್ದೆಯ 12ನೇ ಕಲಮಿನಂತೆ ಜಿಲ್ಲಾಧಿಕಾರಿಯ ಕರ್ತವ್ಯ. ಬೈಲಹೊಂಗಲದ ಉಪವಿಭಾಗಾಧಿಕಾರಿಗೆ ಲಿಖಿತ ಅರ್ಜಿ ಕೊಡಿ: ನಮ್ಮ ಹೇಳಿಕೆ ದಾಖಲಿಸಿ, ನಾವು ದುಡಿದ ಜಿಲ್ಲೆಯ ಜಿಲ್ಲಾಧಿಕಾರಿಗೆ ಕಳಿಸಿ, ಪ್ರತಿಯನ್ನು ಬೆಳಗಾವಿ ಜಿಲ್ಲಾಧಿಕಾರಿಗೂ ಕೊಡಿ ಎಂದು. ಆವಕ ವಿಭಾಗದಲ್ಲಿ ಶಿಕ್ಕಾ ಹಾಕಿಸಿಕೊಳ್ಳದೆ ಬರಬೇಡಿ. ತೆಗೆದುಕೊಳ್ಳದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಕಚೇರಿಯ ಹೊರಗೆ ಕೂತು “ಪತ್ರ ಮಾಡಿಸಿಕೊಡತೀನಿ, ಬಂದ ರೊಕ್ಕದಾಗ ಅರ್ಧ ನಂದು” ಎನ್ನುವವನಿಗೆ ಕವಡೆಯನ್ನೂ ಕೊಡಬೇಡಿ. ಇದಕ್ಕೆ ಶುಲ್ಕವೇ ಇಲ್ಲ. ವಕೀಲರ ಖರ್ಚೂ ನಿಮ್ಮ ಮೇಲಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ಕಳ್ಳಸಾಗಣೆಗೆ, ಬಿಟ್ಟಿ ದುಡಿಮೆಗೆ ಒಳಗಾದವರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗಬೇಕು. ರಾಮದುರ್ಗ, ಸವದತ್ತಿ, ಬೈಲಹೊಂಗಲದ ನ್ಯಾಯಾಲಯಗಳಲ್ಲಿರುವ ತಾಲೂಕು ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಅರ್ಜಿಗೆ ಉತ್ತರವೇ ಬರದಿದ್ದರೆ ಧಾರವಾಡದ ಹೈಕೋರ್ಟ್ ಪೀಠದಲ್ಲಿ ರಿಟ್ ಹಾಕಬಹುದು. ಅಲ್ಲಿ ಮೊದಲು ಕೇಳುವುದು ಆ ಶಿಕ್ಕಾ ಬಿದ್ದ ಪ್ರತಿಯನ್ನೇ.